ಮಲೆನಾಡಲ್ಲಿ ಉಪ್ಪುನೀರಿನ ಟ್ಯಾಂಕ್: ಚಿಲ್ಲರ್ ದುಡ್ಡು ಇನ್ವರ್ಟರ್‌ಗೆ ಹಾಕಿ

ಗೌಡ್ರೇ ನಮಸ್ಕಾರ. ಮೂಡಿಗೆರೆ ಹತ್ರ ತೋಟದ ಮನೆ, ಇಷ್ಟು ವರ್ಷ ಡಿಸ್ಕಸ್, ಏಂಜಲ್ ಅಂತ ಸಿಹಿನೀರಿನ ಮೀನು ಸಾಕಿದ್ದೀರಿ, ಈಗ ಮೂರಡಿ ಟ್ಯಾಂಕಲ್ಲಿ ಹವಳ, ಕ್ಲೌನ್ ಮೀನು ಇಡ್ಬೇಕು ಅಂತ ಬರೆದಿದ್ದೀರಿ. ನೀರು ತಂಪು ಮಾಡೋ ಚಿಲ್ಲರ್‌ಗೆ ಎಷ್ಟು ದುಡ್ಡು ಎತ್ತಿಡಬೇಕು, ಮಂಗಳೂರಿಂದ ಸಮುದ್ರದ ನೀರನ್ನೇ ಕ್ಯಾನಲ್ಲಿ ತಂದ್ರೆ ಆಗುತ್ತಾ, ಮಳೆನೀರು ಬಳಸಬಹುದಾ, ಯಾವ ಹವಳದಿಂದ ಶುರು ಮಾಡೋದು ಅಂತ ಕೇಳಿದ್ದೀರಿ. ಈ ಗುಂಪಿನಲ್ಲಿ ಉತ್ತರ ಕೊಟ್ಟವರಲ್ಲಿ ಹೆಚ್ಚಿನವರು ಬೆಂಗಳೂರು, ಚೆನ್ನೈ ಲೆಕ್ಕ ಹೇಳಿದ್ದಾರೆ. ಅವರ ತಲೆನೋವು ಸೆಕೆ. ನಮ್ಮ ಕಡೆ ತಲೆನೋವು ಕರೆಂಟ್. ಹಾಗಾಗಿ ಸ್ವಲ್ಪ ಉದ್ದಕ್ಕೇ ಬರೀತೀನಿ.

ಚಿಲ್ಲರ್ ಬೇಡ. ನೀರು 24ರಿಂದ 27 ಡಿಗ್ರಿ ಒಳಗಿದ್ರೆ ಸಾಕು. ಚಿಕ್ಕಮಗಳೂರು ಸಾವಿರ ಮೀಟರ್ ಎತ್ತರದಲ್ಲಿದೆ, ಮೂಡಿಗೆರೆಯೂ ಹೆಚ್ಚುಕಮ್ಮಿ ಅಷ್ಟೇ. ಏಪ್ರಿಲ್ ಮಧ್ಯಾಹ್ನ ಬಿಸಿ ಏರಿದ್ರೆ ನೀರಿನ ಮೇಲೆ ಒಂದು ಸಣ್ಣ ಫ್ಯಾನ್ ಬೀಸೋ ಹಾಗೆ ಕೂರಿಸಿ, ನೀರು ಆವಿಯಾಗ್ತಾ ಎರಡು ಮೂರು ಡಿಗ್ರಿ ಇಳಿಸುತ್ತೆ. ನಿಮಗೆ ಬೇಕಾಗೋದು ಹೀಟರ್. 200 ವ್ಯಾಟಿಂದು ಒಂದು ತಗೊಳ್ಳೋ ಬದಲು 100 ವ್ಯಾಟಿಂದು ಎರಡು ತಗೊಳ್ಳಿ. ಹೀಟರ್ ಕೆಡುವಾಗ ಬಹಳ ಸಲ ಆನ್ ಆದ ಸ್ಥಿತಿಯಲ್ಲೇ ಸಿಕ್ಕಿಹಾಕಿಕೊಳ್ಳುತ್ತೆ. ದೊಡ್ಡದು ಹಾಗಾದ್ರೆ ಬೆಳಗಾಗೋದ್ರಲ್ಲಿ ಮೀನು ಬೆಂದಿರುತ್ತೆ, ಚಿಕ್ಕದಾದ್ರೆ ಕೈಗೆ ಸಮಯ ಸಿಗುತ್ತೆ. ಟ್ಯಾಂಕ್ ಇಡೋ ಜಾಗ ಗೊತ್ತಾದ ಮೇಲೆ ಅಲ್ಲಿ ಒಂದು ಬಕೆಟ್ ನೀರಿಟ್ಟು ಥರ್ಮಾಮೀಟರ್ ಬಿಡಿ. ಬೆಳಗಿನ ಜಾವ, ಮಧ್ಯಾಹ್ನ ಎರಡೂ ಹೊತ್ತು ಒಂದು ವಾರ ಬರೆದಿಟ್ಟುಕೊಂಡ್ರೆ ಗುಂಪಿನಲ್ಲಿ ಯಾರನ್ನೂ ಕೇಳೋದು ಬೇಕಾಗಲ್ಲ.

ಈಗ ಕರೆಂಟ್. ಜುಲೈಯಲ್ಲಿ ಮರ ಬಿದ್ದು ಲೈನ್ ಹೋದ್ರೆ ತೋಟದ ಮನೆಗೆ ಕರೆಂಟ್ ಯಾವಾಗ ಬರುತ್ತೆ ಅಂತ ನಿಮಗೇ ಗೊತ್ತು. ಡಿಸ್ಕಸ್ ಟ್ಯಾಂಕಲ್ಲಿ ಫಿಲ್ಟರ್ ಕೆಲವು ಗಂಟೆ ನಿಂತ್ರೂ ನಡೆಯುತ್ತೆ. ಉಪ್ಪುನೀರು ಸಿಹಿನೀರಿಗಿಂತ ಆಮ್ಲಜನಕ ಕಡಿಮೆ ಹಿಡಿಯುತ್ತೆ, ಅದರ ಮೇಲೆ ನಮ್ಮ ಎತ್ತರಕ್ಕೆ ಗಾಳಿಯ ಒತ್ತಡವೇ ಕಡಿಮೆ, ಕರಾವಳಿಗೆ ಹೋಲಿಸಿದ್ರೆ ಇನ್ನೊಂದು ಹತ್ತನೇ ಒಂದು ಭಾಗ ಹೋಯ್ತು. ಅಂದ್ರೆ ನೀರು ಅಲುಗಾಡೋದು ನಿಂತ್ರೆ ಗಡಿಯಾರ ಓಡೋಕೆ ಶುರು. ಪ್ಯೂರ್ ಸೈನ್ ವೇವ್ ಇನ್ವರ್ಟರ್ ಹಾಕಿಸಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪುಗಳು ಗೊರಗುಟ್ಟುತ್ತವೆ, ಬಿಸಿಯಾಗ್ತವೆ. ಇನ್ವರ್ಟರ್ ಲೈನಿಗೆ ವೇವ್‌ಮೇಕರ್, ಅಂದ್ರೆ ಟ್ಯಾಂಕಿನೊಳಗೆ ಅಲೆ ಎಬ್ಬಿಸೋ ಪಂಪ್ ಮಾತ್ರ ಕೊಡಿ. ಲೈಟ್, ಸ್ಕಿಮ್ಮರ್ (ಗಾಳಿಗುಳ್ಳೆಯ ನೊರೆಯಲ್ಲಿ ಕೊಳೆ ತೆಗೆಯೋ ಸಾಧನ), ಹೀಟರ್ ಯಾವುದೂ ಬೇಡ. 150 ಎಎಚ್ ಬ್ಯಾಟರಿ ಹದಿನೈದು ವ್ಯಾಟಿನ ವೇವ್‌ಮೇಕರ್ ಒಂದನ್ನೇ ಓಡಿಸಿದ್ರೆ ಒಂದು ದಿನ ಮೀರಿ ಎಳೆಯುತ್ತೆ, ಆದ್ರೆ ಮನೆಯ ಟಿವಿ, ಫ್ಯಾನು ಅದೇ ಬ್ಯಾಟರಿ ಮೇಲಿದ್ರೆ ಈ ಲೆಕ್ಕ ಕೆಡುತ್ತೆ. ಜೊತೆಗೆ ಸೆಲ್ ಹಾಕೋ ಏರ್ ಪಂಪ್ ಒಂದು ಮನೇಲಿರ್ಲಿ. ಚಳಿ ಹೆಚ್ಚಾದ್ರೆ ಟ್ಯಾಂಕ್ ಸುತ್ತ ಕಂಬಳಿ ಸುತ್ತಿ, ಮೇಲ್ಭಾಗ ಮಾತ್ರ ಗಾಳಿಗೆ ಬಿಡಿ. ನಿಧಾನಕ್ಕೆ 22ಕ್ಕೆ ಇಳಿದ್ರೆ ಒಂದು ದಿನ ತಡ್ಕೊಳ್ತವೆ.

ಉಪ್ಪುನೀರು ಕರೆಂಟನ್ನ ಸಿಹಿನೀರಿಗಿಂತ ಎಷ್ಟೋ ಚೆನ್ನಾಗಿ ಹರಿಸುತ್ತೆ, ಅದಕ್ಕೆ 30 ಮಿಲಿಆಂಪ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯೋ ಸ್ವಿಚ್) ಇಲ್ಲದೆ ಈ ಟ್ಯಾಂಕಿಗೆ ಕೈ ಹಾಕಲೇಬೇಡಿ. ಹಳೇ ಮನೆಯಾದ್ರೆ ಅರ್ಥಿಂಗ್ ಸರಿ ಇದೆಯಾ ಅಂತ ಎಲೆಕ್ಟ್ರಿಷಿಯನ್ ಕೈಲಿ ಮೊದ್ಲು ನೋಡಿಸಿ. ಪ್ಲಗ್ ಬೋರ್ಡ್ ಟ್ಯಾಂಕಿಗಿಂತ ಪಕ್ಕಕ್ಕಿರ್ಲಿ, ವೈರು ಪ್ಲಗ್ಗಿಗಿಂತ ಕೆಳಗೆ ಜೋತು ಬಂದು ಮೇಲೆ ಹೋಗ್ಲಿ. ವೈರ್ ಮೇಲೆ ಹರಿದು ಬಂದ ಹನಿ ಬೋರ್ಡಿಗೆ ಹೋಗದೆ ಅಲ್ಲೇ ಕೆಳಗೆ ತೊಟ್ಟಿಕ್ಕುತ್ತೆ.

ಕರೆಂಟ್ ಹೋದಾಗ ಇನ್ನೊಂದು ಅಪಾಯ ಇದೆ. ಸಂಪಿನಿಂದ, ಅಂದ್ರೆ ಟ್ಯಾಂಕಿನ ಕೆಳಗಿಡೋ ಫಿಲ್ಟರ್ ತೊಟ್ಟಿಯಿಂದ, ಮೇಲೆ ನೀರು ಎತ್ತೋ ಪಂಪ್ ನಿಂತ ಕೂಡಲೇ ಅದೇ ಪೈಪಿನಲ್ಲಿ ಟ್ಯಾಂಕ್ ನೀರು ವಾಪಸ್ ಇಳಿಯೋಕೆ ಶುರುವಾಗುತ್ತೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲದ ಟ್ಯಾಂಕಲ್ಲಿ ಒಂದಿಂಚು ನೀರಿಳಿದ್ರೆ ಹತ್ತೂವರೆ ಲೀಟರ್. ಪೈಪಿನ ಬಾಯಿ ಎರಡಿಂಚು ಮುಳುಗಿದ್ರೆ ಇಪ್ಪತ್ತೊಂದು ಲೀಟರ್ ಕೆಳಗೆ ಬರುತ್ತೆ. ಎರಡಡಿಗೆ ಒಂದಡಿ ಸಂಪಿನಲ್ಲಿ ಅದು ನಾಲ್ಕೂವರೆ ಇಂಚು ಏರಿಕೆ. ಪೈಪು, ಓವರ್‌ಫ್ಲೋ ಬಾಕ್ಸಲ್ಲಿರೋ (ಟ್ಯಾಂಕಿನ ನೀರು ಉಕ್ಕಿ ಸಂಪಿಗೆ ಇಳಿಯೋ ಡಬ್ಬಿ) ನೀರು ಬೇರೆ. ಇಷ್ಟು ಜಾಗ ಸಂಪಿನಲ್ಲಿ ಖಾಲಿ ಇರ್ಬೇಕು. ಪೈಪಿನ ಬಾಯಿ ನೀರಿನ ಮಟ್ಟದ ಹತ್ರವೇ ಇರ್ಲಿ, ಮಟ್ಟಕ್ಕಿಂತ ಸ್ವಲ್ಪವೇ ಕೆಳಗೆ ಪೈಪಿಗೊಂದು ಸಣ್ಣ ತೂತು ಕೊರೆದ್ರೆ ಗಾಳಿ ಎಳೆದು ಸೈಫನ್ ಕಡಿಯುತ್ತೆ. ಆ ತೂತು ಪಾಚಿ, ಉಪ್ಪು ಕಟ್ಟಿ ಮುಚ್ಚಿಕೊಳ್ಳುತ್ತೆ, ಅದನ್ನೇ ನಂಬಿ ಕೂರಬೇಡಿ. ಉಪ್ಪು ಹಾಕೋ ಮೊದ್ಲು ಸಾದಾ ನೀರು ತುಂಬಿಸಿ ಪಂಪ್ ಓಡಿಸಿ, ಸ್ವಿಚ್ ಆರಿಸಿ, ಸಂಪಿನ ಮುಂದೆ ಕುಕ್ಕರುಗಾಲಲ್ಲಿ ಕೂತು ನೋಡಿ. ನೀರು ಸರಸರ ಏರುತ್ತೆ, ಆಮೇಲೆ ಪೈಪು ಗೊಳಗೊಳ ಅಂತ ಗಾಳಿ ಎಳೆದು ನಿಲ್ಲುತ್ತೆ. ನಿಂತ ಗೆರೆಯಿಂದ ಸಂಪಿನ ಅಂಚಿಗೆ ಇನ್ನೂ ಎರಡು ಬೆರಳು ಜಾಗ ಉಳಿಯೋವರೆಗೂ ನೀರು ಕಡಿಮೆ ಮಾಡ್ತಾ ಹೋಗಿ. ಆಮೇಲೆ ಪಂಪ್ ಹಾಕಿ, ಓಡುವಾಗಿನ ಮಟ್ಟಕ್ಕೆ ಗಾಜಿನ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೀರಿ. ಆ ಗೆರೆ ಮೀರಿ ಯಾವತ್ತೂ ತುಂಬಿಸಬಾರದು.

ಮಂಗಳೂರಿನ ನೀರು ಬೇಡ. ಚಾರ್ಮಾಡಿ ಘಾಟಿ ಹತ್ತಿ ಬರೋರ ಕೈಲಿ ಕ್ಯಾನ್ ತರಿಸೋದು ಸುಲಭ ಅನಿಸುತ್ತೆ, ಆದ್ರೆ ದಡದ ನೀರಿಗೆ ನೇತ್ರಾವತಿ, ಗುರುಪುರ ಎರಡೂ ನದಿ ಬಂದು ಸೇರ್ತವೆ. ಮಳೆಗಾಲದಲ್ಲಿ ಅದು ಅರ್ಧ ಸಿಹಿ, ಪೂರ್ತಿ ಕೆಸರು. ಪಣಂಬೂರು ಬೀಚಿನ ಪಕ್ಕದಲ್ಲೇ ಬಂದರು. ಅಕ್ವೇರಿಯಂಗೆ ಅಂತ ಪ್ಯಾಕೆಟ್ಟಲ್ಲಿ ಬರೋ ಸಮುದ್ರದ ಉಪ್ಪಿನಲ್ಲಿ (ಅಡುಗೆ ಉಪ್ಪಲ್ಲ) ಕಲಸೋದೇ ಸರಿ.

ಮಳೆನೀರನ್ನ ಮಾತ್ರ ತಳ್ಳಿಹಾಕಲ್ಲ. ನೇರವಾಗಿ ಬೇಡ, ಆದ್ರೆ ಆರ್‌ಓ ಫಿಲ್ಟರ್, ಅದರ ಹಿಂದೆ ಡಿಐ ರೆಸಿನ್ (ಉಳಿದ ಲವಣವನ್ನೂ ಹೀರೋ ಹರಳು) ದಾಟಿಸಿದ್ರೆ ಬೋರ್‌ವೆಲ್ ನೀರಿಗಿಂತ ಒಳ್ಳೇದು. ಅದರಲ್ಲಿ ಲವಣ ಕಡಿಮೆ ಇರೋದ್ರಿಂದ ರೆಸಿನ್ ಬಹಳ ದಿನ ಬರುತ್ತೆ. ಹೆಂಚಿನ ಮಾಡಿನ ನೀರು ಹಿಡೀರಿ, ಜಿಂಕ್ ಶೀಟಿನದ್ದು ಬೇಡ. ಮೊದಲ ಕೆಲವು ಮಳೆ ಬಿಟ್ಟುಬಿಡಿ. ಅಡುಗೆಮನೆ ಆರ್‌ಓ ಯಂತ್ರದಿಂದ ಹಿಡಿಯೋದಾದ್ರೆ, ಅವುಗಳಲ್ಲಿ ರುಚಿಗೆ ಅಂತ ಟಿಡಿಎಸ್ (ನೀರಲ್ಲಿ ಕರಗಿದ ಲವಣ) ಕಂಟ್ರೋಲರ್ ಇಟ್ಟು ಸ್ವಲ್ಪ ಶುದ್ಧ ಮಾಡದ ನೀರನ್ನೇ ವಾಪಸ್ ಬೆರೆಸ್ತಾರೆ. ಅದಕ್ಕಿಂತ ಮುಂಚಿನ ಪೈಪಿನಿಂದ ನೀರು ತೆಗೆದು ಡಿಐಗೆ ಕೊಡಿ. ಕೊನೆಗೆ ಟಿಡಿಎಸ್ ಮೀಟರ್ ಸೊನ್ನೆ ತೋರಿಸ್ಬೇಕು.

ಇಲ್ಲೊಂದು ನಮ್ಮ ಕಡೆಯವರಿಗೆ ಮಾತ್ರ ಹೇಳಬೇಕಾದ ವಿಷಯ. ಕಾಫಿ, ಅಡಿಕೆಗೆ ಹೊಡೆಯೋ ಬೋರ್ಡೋ ದ್ರಾವಣದಲ್ಲಿರೋದು ಮೈಲುತುತ್ತ, ಅಂದ್ರೆ ತಾಮ್ರ. ಹವಳ, ಸಿಗಡಿ, ಬಸವನಹುಳ ಇವಕ್ಕೆ ತಾಮ್ರ ಅಂದ್ರೆ ವಿಷ, ತೀರಾ ಸ್ವಲ್ಪವೇ ಸಾಕು. ಬೋರ್ಡೋ ಕಲಸಿದ ಡ್ರಮ್ಮು, ಬಕೆಟ್ಟು, ಕೋಲು ಯಾವುದೂ ಟ್ಯಾಂಕಿನ ಕಡೆ ಬರಬಾರದು, ಎಷ್ಟು ತೊಳೆದ್ರೂ ಸರಿಯೇ. ಉಪ್ಪು ಕಲಸೋಕೆ ಹೊಸ ಡ್ರಮ್ ತಗೊಂಡು ಮೇಲೆ ದೊಡ್ಡದಾಗಿ ಬರೆದಿಡಿ, ಇಲ್ಲ ಅಂದ್ರೆ ಸ್ಪ್ರೇ ಸೀಸನ್ನಲ್ಲಿ ಆಳುಗಳು ಎತ್ಕೊಂಡು ಹೋಗ್ತಾರೆ. ಸ್ಪ್ರೇ ಮಾಡಿದ ದಿನ ಟ್ಯಾಂಕಿಗೆ ಕೈ ಹಾಕಬೇಡಿ. ಮನೆಗೆ ಅಂಟಿಕೊಂಡ ತೋಟಕ್ಕೆ ಹೊಡೆದಿದ್ರೆ ಆಮೇಲೆ ಮಾಡಿನ ಮೇಲೆ ಬಿದ್ದ ಮಳೆಯನ್ನೂ ಹಿಡಿಯಬೇಡಿ.

ಲೀಟರಿಗೆ ಸುಮಾರು 37 ಗ್ರಾಂ ಉಪ್ಪು. ನೀರಿಗೆ ಉಪ್ಪು ಹಾಕ್ಬೇಕು, ಉಪ್ಪಿಗೆ ನೀರು ಸುರಿದ್ರೆ ಕ್ಯಾಲ್ಸಿಯಂ ಗಟ್ಟಿಯಾಗಿ ತಳದಲ್ಲಿ ಬಿಳಿ ಕೂತುಬಿಡುತ್ತೆ. ಪಂಪ್ ಹಾಕಿ ರಾತ್ರಿಯಿಡೀ ತಿರುಗಿಸಿ ಬೆಳಗ್ಗೆ ಅಳೀರಿ. ಸಾಂದ್ರತೆ 1.025ರಿಂದ 1.026, ಅಂದ್ರೆ ಸಾವಿರಕ್ಕೆ 35 ಭಾಗ. ಉಪ್ಪಿನಂಶ ಅಳೆಯೋ ರಿಫ್ರಾಕ್ಟೋಮೀಟರ್ ಸೊನ್ನೆಗೆ ಸರಿ ತೋರಿಸಿ 35ರ ಹತ್ರ ತಪ್ಪು ಹೇಳೋದುಂಟು, ಹಾಗಾಗಿ ಸಾದಾ ನೀರಲ್ಲಿ ಮಾತ್ರ ಪರೀಕ್ಷೆ ಮಾಡಿ ಸುಮ್ಮನಾಗಬೇಡಿ. ಮೀಟರ್ ಪರೀಕ್ಷೆಗೆ ಮಾತ್ರ ಮನೇಲೇ ದ್ರಾವಣ ಮಾಡ್ಬಹುದು: 36.5 ಗ್ರಾಂ ಅಡುಗೆ ಪುಡಿ ಉಪ್ಪು, 963.5 ಗ್ರಾಂ ಶುದ್ಧ ನೀರು. ಅದರಲ್ಲಿ ಮೀಟರ್ 35 ತೋರಿಸ್ಬೇಕು, ತೋರಿಸದಿದ್ರೆ ಸ್ಕ್ರೂ ತಿರುಗಿಸಿ ಅಲ್ಲಿಗೆ ತನ್ನಿ. ದಿನಾ ಆವಿಯಾಗಿ ಇಳಿಯೋ ಮಟ್ಟಕ್ಕೆ ಮಾತ್ರ ಉಪ್ಪಿಲ್ಲದ ಶುದ್ಧ ನೀರು ಹಾಕಿ. ಉಪ್ಪು ಆವಿಯಾಗಲ್ಲವಲ್ಲ.

ಸ್ಟ್ಯಾಂಡ್ ವಿಷಯದಲ್ಲಿ ಜುಗ್ಗತನ ಬೇಡ. 3 × 1.5 × 1.5 ಅಡಿ ಅಂದ್ರೆ ನೀರೇ 190 ಲೀಟರ್. ಗಾಜು, ಕಲ್ಲು, ಮರಳು, ಸಂಪು ಎಲ್ಲ ಸೇರಿ ಮುನ್ನೂರು ಕೆಜಿ ದಾಟುತ್ತೆ. ಅಟ್ಟದ ಮೇಲೆ, ಮರದ ತೊಲೆ ಇರೋ ಮಹಡಿ ಮೇಲೆ ಇಡಲೇಬೇಡಿ. ತೋಟದಲ್ಲೇ ಸಿಲ್ವರ್ ಓಕ್ ಇದೆ ಅಂತ ಅದರಲ್ಲಿ ಮಾಡಿಸೋ ಆಸೆ ಬರುತ್ತೆ, ಈ ತೇವಕ್ಕೆ ಅದು ಬಾಳಲ್ಲ. ನನ್ನ ಕೇಳಿದ್ರೆ ಗಾರೆಯವರನ್ನ ಕರೆಸಿ ಇಟ್ಟಿಗೆ ಗೋಡೆ ಎರಡು ಎಬ್ಬಿಸಿ ಮೇಲೆ ಗ್ರಾನೈಟ್ ಹಲಗೆ ಹಾಸಿ. ಉಪ್ಪಿಗೆ ಕಬ್ಬಿಣ ತುಕ್ಕು ಹಿಡಿಯುತ್ತೆ, ಇದಕ್ಕೆ ಏನೂ ಆಗಲ್ಲ. ಗಾಜು 10 ಎಂಎಂ. ಬೂಷ್ಟು ತಡೆಯೋ ಸಿಲಿಕಾನ್ ಅಂಟು ಹಾಕಬಾರದು ಅಂತ ಗಾಜಿನವರಿಗೆ ಒತ್ತಿ ಹೇಳಿ.

ಇನ್ನು ಹವಳ. ನೀವು ಕಳಿಸಿದ ಫೋಟೋದಲ್ಲಿರೋ ಅಕ್ರೋಪೋರಾ, ಹ್ಯಾಮರ್, ಟಾರ್ಚ್ ಎಲ್ಲ ಕಲ್ಲು ಕಟ್ಟೋ ಹವಳಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಅವೆಲ್ಲ ಒಂದನೇ ಶೆಡ್ಯೂಲಿನಲ್ಲಿವೆ, ಭದ್ರಾ ಕಾಡಿನ ಹುಲಿ ಇರೋ ಪಟ್ಟಿಯಲ್ಲೇ. ಸೀ ಫ್ಯಾನ್ (ಬೀಸಣಿಗೆ ಹವಳ), ಕಡಲಕುದುರೆ, ಕಡಲಸೌತೆಗೂ ಇದೇ ಕಾಯ್ದೆಯ ರಕ್ಷಣೆ ಇದೆ. ಅಂಗಡಿಯವರು ‘ಎಲ್ರೂ ಇಟ್ಕೊಂಡಿದ್ದಾರೆ ಸರ್’ ಅಂತಾರೆ, ಕೇಸ್ ಆದ ದಿನ ಅವರು ಫೋನ್ ಎತ್ತಲ್ಲ. ಒಣಗಿದ ಬಿಳಿ ಹವಳದ ತುಂಡುಗಳನ್ನ ‘ಲೈವ್ ರಾಕ್’ ಅಂತ ಮಾರೋದನ್ನೂ ಮುಟ್ಟಬೇಡಿ, ಸತ್ತ ಹವಳಕ್ಕೂ ಅದೇ ಕಾಯ್ದೆ. ಸೆರಾಮಿಕ್ ಅಥವಾ ಸಿಮೆಂಟಿನ ಕೃತಕ ಕಲ್ಲು ತಗೊಳ್ಳಿ. ಸಿಮೆಂಟಿನದ್ದಾದ್ರೆ ಪಿಎಚ್ ಇಳಿಯೋವರೆಗೂ ವಾರಗಟ್ಟಲೆ ನೀರು ಬದಲಾಯಿಸ್ತಾ ನೆನೆಸಿ.

ಕಲ್ಲು ಕಟ್ಟದ ಮೆದು ಜಾತಿಗಳಲ್ಲೇ ಟ್ಯಾಂಕ್ ತುಂಬಾ ಚೆನ್ನಾಗಾಗುತ್ತೆ. ಜೋವಾಂಥಿಡ್, ಮಶ್ರೂಮ್, ಲೆದರ್, ಕ್ಸೀನಿಯಾ. ಕೃಷಿ ಮಾಡಿ ಬೆಳೆಸಿದ ತುಂಡುಗಳನ್ನೇ ಬಿಲ್ ಸಮೇತ ಕೇಳಿ. ಅವು ಕರೆಂಟ್ ಕಾಟ, ಲೈಟಿನ ಏರುಪೇರು ಎರಡನ್ನೂ ಸಹಿಸ್ತವೆ, ದುಬಾರಿ ಲೈಟೂ ಕೇಳಲ್ಲ, ದಿನಕ್ಕೆ ಎಂಟು ಗಂಟೆ ಸಾಧಾರಣ ರೀಫ್ ಎಲ್‌ಇಡಿ ಸಾಕು. ಕಾಯ್ದೆ ಪಕ್ಕಕ್ಕಿಟ್ರೂ ನಮ್ಮ ಊರಿಗೆ ಇವೇ ಸರಿ ಅಂತ ನನ್ನ ಅಭಿಪ್ರಾಯ. ಒಂದು ಎಚ್ಚರ: ಕೆಲವು ಜೋವಾಂಥಿಡ್‌ಗಳಲ್ಲಿ ಪ್ಯಾಲಿಟಾಕ್ಸಿನ್ ಅನ್ನೋ ಭಾರೀ ವಿಷ ಇರುತ್ತೆ. ಕೈಗೆ ಗ್ಲೌಸ್, ಕಣ್ಣಿಗೆ ಕನ್ನಡಕ ಇಲ್ಲದೆ ಕತ್ತರಿಸಬೇಡಿ. ಅದು ಬೆಳೆದ ಕಲ್ಲನ್ನ ಕ್ಲೀನ್ ಮಾಡೋಕೆ ಅಂತ ಕುದಿಸಲೇಬೇಡಿ, ಹಬೆ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗುತ್ತೆ.

ಸೈಕ್ಲಿಂಗ್, ಅಂದ್ರೆ ಮೀನು ಬಿಡೋ ಮೊದ್ಲು ಅಮೋನಿಯಾ ತಿನ್ನೋ ಬ್ಯಾಕ್ಟೀರಿಯಾ ಬೆಳೆಸೋದು, ನಿಮಗೆ ಗೊತ್ತಿರೋದೇ, ಉಪ್ಪುನೀರಲ್ಲಿ ಸ್ವಲ್ಪ ನಿಧಾನ, ನಾಲ್ಕರಿಂದ ಆರು ವಾರ. ಅಮೋನಿಯಂ ಕ್ಲೋರೈಡ್ 200 ಲೀಟರಿಗೆ ಒಂದೂಕಾಲು ಗ್ರಾಂ ಹಾಕಿದ್ರೆ ಅಮೋನಿಯಾ 2 ಪಿಪಿಎಂ (ಹತ್ತು ಲಕ್ಷಕ್ಕೆ 2 ಭಾಗ) ಬರುತ್ತೆ. ಕಲಾಯಿ ಹಾಕೋರ ಹತ್ರ ಸಿಗೋ ನವಸಾಗರವೂ ಅದೇ ವಸ್ತು, ಆದ್ರೆ ಕಲಬೆರಕೆ ಇರುತ್ತೆ, ಲ್ಯಾಬಿನದ್ದೇ ತರಿಸಿ. ಆಮೇಲೆ ಕಂದು ಪಾಚಿ, ಹಸಿರು ಕೂದಲು ಪಾಚಿ ಬಂದು ಟ್ಯಾಂಕ್ ನೋಡೋಕಾಗಲ್ಲ ಅನ್ನೋ ಹಾಗಾಗುತ್ತೆ. ಔಷಧಿ ಸುರಿಯಬೇಡಿ, ಬಸವನಹುಳ ಬಿಟ್ಟು ಸುಮ್ಮನಿರಿ. ಮಳೆಗಾಲದಲ್ಲಿ ಕಿಟಕಿ ಮುಚ್ಚಿ ಬಚ್ಚಲೊಲೆ ಉರಿಸೋ ಮನೇಲಿ ಪಿಎಚ್ 7.8ಕ್ಕೆ ಇಳಿಯುತ್ತೆ, ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಜಾಸ್ತಿ ಆಗಿ. ಸ್ಕಿಮ್ಮರಿನ ಗಾಳಿ ಪೈಪನ್ನ ಕಿಟಕಿ ಆಚೆ ಹಾಕಿದ್ರೆ ಸರಿಹೋಗುತ್ತೆ, ಪುಡಿ ಹಾಕಿ ಏರಿಸೋಕೆ ಹೋಗಬೇಡಿ. ಕ್ಷಾರತೆ 8ರಿಂದ 9 ಡಿಕೆಎಚ್ (ಅದನ್ನ ಅಳೆಯೋ ಮಾನ) ಸ್ಥಿರವಾಗಿದ್ರೆ ಸಾಕು. ಮೆದು ಹವಳಕ್ಕೆ ಹದಿನೈದು ದಿನಕ್ಕೊಮ್ಮೆ 20 ಲೀಟರ್ ಬದಲಾಯಿಸಿದ್ರೆ ಬೇರೇನೂ ಸೇರಿಸೋದು ಬೇಕಾಗಲ್ಲ.

ಮೀನು ಕಡಿಮೆ ಇಡಿ. ಒಂದು ಜೋಡಿ ಕ್ಲೌನ್, ಒಂದು ಫೈರ್‌ಫಿಶ್, ಒಂದು ಗೋಬಿ, ಒಂದು ಕ್ಲೀನರ್ ಸಿಗಡಿ, ಅಷ್ಟೇ. ಕ್ಲೌನ್ ಮೀನಿನ ಮರಿ ಮಾಡಿಸೋ ವಿಧಾನವನ್ನ ಸಿಎಂಎಫ್‌ಆರ್‌ಐ (ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆ) ನಮ್ಮ ದೇಶದಲ್ಲೇ ಬೆಳೆಸಿದೆ, ಸಾಕಿದ ಮರಿಯನ್ನೇ ಕೇಳಿ ತಗೊಳ್ಳಿ, ಸಮುದ್ರದಿಂದ ಹಿಡಿದದ್ದು ಬೇಡ. ನಿಮ್ಮ ಮಗಳು ಕೇಳ್ತಿರೋ ನೀಲಿ ಟ್ಯಾಂಗ್‌ಗೆ ಆರಡಿ ಟ್ಯಾಂಕ್ ಬೇಕು, ಈಗಲೇ ಹೇಳಿ ಒಪ್ಪಿಸಿಬಿಡಿ. ಬೆಂಗಳೂರಿಂದ ಪಾರ್ಸೆಲ್ ತರಿಸುವಾಗ ಅವರ ಟ್ಯಾಂಕಿನ ಸಾಂದ್ರತೆ ಎಷ್ಟು ಅಂತ ಕೇಳಿ. ಬಹಳ ಅಂಗಡಿಗಳಲ್ಲಿ 1.020ರ ಆಸುಪಾಸು ಇಟ್ಟಿರ್ತಾರೆ. ಪ್ರತ್ಯೇಕ ಟ್ಯಾಂಕಿನಲ್ಲಿ ಅಷ್ಟೇ ಸಾಂದ್ರತೆ ಇಟ್ಟು ಕೆಲವು ದಿನದಲ್ಲಿ ಏರಿಸಿ, ಮೂರು ನಾಲ್ಕು ವಾರ ನೋಡಿ ಆಮೇಲೆ ಬಿಡಿ. ಮೀನಿಗೆ ಬಿಳಿ ಚುಕ್ಕೆ ರೋಗ ಬಂದು ತಾಮ್ರದ ಔಷಧಿ ಕೊಡೋದಿದ್ರೂ ಅಲ್ಲೇ, ಹವಳದ ಟ್ಯಾಂಕಿಗೆ ಒಂದು ಹನಿಯೂ ಬೀಳಬಾರದು.

ಡಿಸ್ಕಸ್ ಟ್ಯಾಂಕಿನ ನೀರನ್ನ ಮೆಣಸಿನ ಬಳ್ಳಿಗೆ ಹಾಕೋ ಅಭ್ಯಾಸ ಇರುತ್ತೆ ನಿಮಗೆ. ಈ ನೀರು ಮೋರಿಗೆ ಮಾತ್ರ. ಬಳ್ಳಿ ಬುಡಕ್ಕೂ ಬೇಡ, ಬಾವಿ ಹತ್ರದ ಇಂಗುಗುಂಡಿಗೂ ಬೇಡ. ಆರ್‌ಓ ಬಿಟ್ಟ ನೀರನ್ನ ಬೇಕಾದ್ರೆ ಗಿಡಕ್ಕೆ ಹಾಕಿ.

ಗಾಜಿನವರಿಗೆ ಅಡ್ವಾನ್ಸ್ ಕೊಡೋ ಮೊದ್ಲು ಸಂಪಿನ ಅಳತೆ, ಓವರ್‌ಫ್ಲೋ ತೂತಿನ ಜಾಗ ಇಲ್ಲಿ ಹಾಕಿ. ಇನ್ವರ್ಟರ್ ಯಾವುದಿದೆ ಅಂತಾನೂ ಹೇಳಿ.