‘ದೇಹವೇ ದೇಗುಲ’: ಉಪಮೆಯೋ, ರೂಪಕವೋ?

ಬಸವಣ್ಣನವರ ಈ ಮಾತನ್ನು ರೂಪಕವೆನ್ನಲು ‘ಅಂತೆ’ ಎಂಬ ಹೋಲಿಕೆಯ ಪದ (ವಾಚಕಪದ) ಇಲ್ಲದಿರುವುದೊಂದೇ ಕಾರಣವೇ ಎಂದು ಕೇಳಿದ್ದೀರಿ. ಅಷ್ಟೇ ಸಾಲದು, ಲುಪ್ತೋಪಮೆಯಲ್ಲಿಯೂ, ಅಂದರೆ ಯಾವುದಾದರೊಂದು ಅಂಗ ಲೋಪವಾದ ಉಪಮೆಯಲ್ಲಿಯೂ, ವಾಚಕಪದ ಬಿಟ್ಟುಹೋಗಬಹುದು. ‘ನುಡಿದರೆ ಮುತ್ತಿನ ಹಾರದಂತಿರಬೇಕು’ ಎಂಬಲ್ಲಿ ನುಡಿಯೂ ಹಾರವೂ ಬೇರೆಯಾಗಿಯೇ ಉಳಿಯುತ್ತವೆ. ಆದರೆ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಎನ್ನುವಾಗ ಕಾಲು ಕಂಬವನ್ನು ಹೋಲುವುದಿಲ್ಲ, ಕಂಬವೇ ಆಗುತ್ತದೆ. ಆ ಅಭೇದವು ಅಂಗದಿಂದ ಅಂಗಕ್ಕೆ ಬೆಳೆದು ಇಡೀ ಗುಡಿಯೇ ಎದ್ದು ನಿಲ್ಲುತ್ತದೆ. ಇದನ್ನೇ ‘ದೇಹ ದೇಗುಲದಂತಿದೆ’ ಎಂದು ಬದಲಿಸಿ ನೋಡಿ: ಉಳ್ಳವರು ಕಟ್ಟಿಸಿದ ಶಿವಾಲಯವೇ ಮೂಲವಾಗಿ, ಬಡವನ ದೇಹ ಅದರ ನಕಲಾಗಿಬಿಡುತ್ತದೆ, ವಚನದ ವಾದವೇ ಕುಸಿಯುತ್ತದೆ. ನನಗೆ ಮುಖ್ಯವೆನಿಸುವುದು ಈ ವ್ಯತ್ಯಾಸವೇ.

ನೀವು ಸೇಡಂನವರೆಂದು ತಿಳಿಸಿದ್ದೀರಿ. ನಿಮ್ಮ ತಾಲ್ಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾಗಿದ್ದ ಮಾನ್ಯಖೇಟ. ಆ ಆಸ್ಥಾನದಲ್ಲಿ 9ನೆಯ ಶತಮಾನದಲ್ಲಿ ರಚಿತವಾದ ಅಲಂಕಾರಗ್ರಂಥ ‘ಕವಿರಾಜಮಾರ್ಗ’ದ ಮೂರನೆಯ ಪರಿಚ್ಛೇದವು ಉಪಮೆ, ರೂಪಕ ಮೊದಲಾದ ಅರ್ಥಾಲಂಕಾರಗಳನ್ನು ಕುರಿತದ್ದು, ಅದನ್ನು ಅವಶ್ಯವಾಗಿ ಓದಿರಿ.