ಕಾಸರಗೋಡು ಯಾರದ್ದು ಅಂತ ಕೇಳಿದ್ದಕ್ಕೆ

ನೀವು ಕೇಳಿದ್ದು ಸಣ್ಣ ಪ್ರಶ್ನೆ. "ಇಷ್ಟು ಚೆನ್ನಾಗಿ ಕನ್ನಡ ಮಾತಾಡ್ತೀರಿ, ಮತ್ತೆ ಕೇರಳದವರು ಅಂತೀರಲ್ಲ? ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಅಂತ ನಿಮಗೆ ಅನಿಸಲ್ವಾ?" ಬೆಂಗಳೂರಿಗೆ ಬಂದಾಗಲೆಲ್ಲ ಯಾರಾದರೊಬ್ಬರು ಇದನ್ನು ಕೇಳುತ್ತಾರೆ. ಪ್ರೀತಿಯಿಂದಲೇ ಕೇಳುತ್ತಾರೆ. ಅವತ್ತು ಊಟದ ಹೊತ್ತಿನಲ್ಲಿ ಅರ್ಧ ಉತ್ತರ ಕೊಟ್ಟು ಎದ್ದು ಬಂದೆ. ಉಳಿದರ್ಧ ಈಗ ಬರೆಯುತ್ತೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಮನೆ ಕಾಸರಗೋಡಿನ ಬದಿಯಡ್ಕದಿಂದ ಒಳಗೆ. ಮನೆಯಲ್ಲಿ ತುಳು. ಪಕ್ಕದ ಮನೆಯವರು ಹವ್ಯಕರು, ಅವರೊಳಗೆ ಹವ್ಯಕ ಕನ್ನಡ, ನಮ್ಮ ಹತ್ತಿರ ತುಳು. ಗುಡ್ಡೆಯ ಆಚೆ ಮನೆಯಲ್ಲೇ ಮರಾಠಿ ಆಡುವವರು ಇದ್ದಾರೆ. ನನ್ನ ಜೊತೆ ಒಂದರಿಂದ ಹತ್ತರವರೆಗೆ ಒಂದೇ ಬೆಂಚಿನಲ್ಲಿ ಕೂತವನ ಮನೆಮಾತು ಬ್ಯಾರಿ, ನಮ್ಮ ಕರಾವಳಿಯ ಮುಸ್ಲಿಮರ ಭಾಷೆ. ಪೇಟೆಯಲ್ಲಿ, ಬಸ್ಸಿನಲ್ಲಿ ಮಲಯಾಳಂ. ನಮ್ಮ ಕಡೆಯನ್ನು ಸಪ್ತಭಾಷಾ ಸಂಗಮ ಭೂಮಿ ಅಂತ ಭಾಷಣಗಳಲ್ಲಿ ಹೇಳುತ್ತಾರೆ. ನಮಗೆ ಅದು ಭಾಷಣ ಅಲ್ಲ, ಹಗಲಿಡೀ ಬಾಯಿ ಬದಲಾಯಿಸುವ ಕೆಲಸ.

ಹಾಗಾದರೆ ಕನ್ನಡ ಎಲ್ಲಿ ಬಂತು ಅಂತ ಕೇಳುತ್ತೀರಿ. ಕನ್ನಡ ನಮ್ಮ ಅಕ್ಷರ. ಶಾಲೆ ಕನ್ನಡ. ಮದುವೆ ಕಾಗದ ಕನ್ನಡ. ಬ್ರಹ್ಮಕಲಶದ ಆಮಂತ್ರಣ, ಉತ್ತರಕ್ರಿಯೆಯ ಕಾಗದ, ಅಜ್ಜನ ಅಡಿಕೆ ಲೆಕ್ಕದ ಪುಸ್ತಕ, ರಾತ್ರಿಯಿಡೀ ನೋಡುವ ಯಕ್ಷಗಾನದ ಆಟ, ಎಲ್ಲವೂ ಕನ್ನಡ. ತೆಂಕುತಿಟ್ಟು ಯಕ್ಷಗಾನದವರು ಇವತ್ತಿಗೂ ನೆನೆಯುವ ಕವಿ ಪಾರ್ತಿಸುಬ್ಬ ನಮ್ಮ ಕುಂಬಳೆಯವನು. ರಾಷ್ಟ್ರಕವಿ ಗೋವಿಂದ ಪೈಗಳ ಮನೆ ಮಂಜೇಶ್ವರದಲ್ಲಿದೆ. ಮನೆಯಲ್ಲಿ ಯಾವ ಭಾಷೆ ಆಡಿದರೂ ಪೆನ್ನು ಹಿಡಿದರೆ ಕನ್ನಡವೇ ಬರುವ ಜನ ನಾವು. ಇದು ಗೊತ್ತಿಲ್ಲದವರು ಜನಗಣತಿ ನೋಡಿ "ಅಲ್ಲಿ ಕನ್ನಡದವರು ಇರುವುದೇ ಇಷ್ಟು" ಅನ್ನುತ್ತಾರೆ. ಗಣತಿಯವರು ಮಾತೃಭಾಷೆ ಕೇಳಿದರೆ ನನ್ನ ಅಮ್ಮ ತುಳು ಅಂತಲೇ ಬರೆಸುತ್ತಾರೆ. ಸರಿಯಾಗಿಯೇ ಬರೆಸುತ್ತಾರೆ. ಆದರೆ ಅಮ್ಮ ಓದುವ ಪೇಪರು ಕನ್ನಡದ್ದು.

ಇನ್ನು ಹಳೆಯ ಕಥೆ. 1956ರ ಅಕ್ಟೋಬರ್ 31ರವರೆಗೆ ಕಾಸರಗೋಡು ತಾಲೂಕು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿತ್ತು. ಮಾರನೇ ದಿನ ಮಂಗಳೂರು ಮೈಸೂರು ರಾಜ್ಯಕ್ಕೆ ಹೋಯಿತು, ನಾವು ಕೇರಳಕ್ಕೆ ಹೋದೆವು. ನಡುವೆ ತಲಪಾಡಿಯಲ್ಲಿ ಗಡಿ. ನಮ್ಮ ಹಿರಿಯರು ಸುಮ್ನೆ ಕೂರಲಿಲ್ಲ, ನಮ್ಮನ್ನೂ ಮೈಸೂರು ರಾಜ್ಯಕ್ಕೆ ಸೇರಿಸಿ ಅಂತ ಹೋರಾಡಿದರು. 1957ರ ಮೊದಲ ಚುನಾವಣೆಯಲ್ಲಿ ಮಂಜೇಶ್ವರದಿಂದ ಎಂ. ಉಮೇಶ್ ರಾವ್ ಅವಿರೋಧವಾಗಿ ಗೆದ್ದರು. ಮುಂದೆ ಕಳ್ಳಿಗೆ ಮಹಾಬಲ ಭಂಡಾರಿಯವರನ್ನು ಜನ ಮತ್ತೆ ಮತ್ತೆ ಗೆಲ್ಲಿಸಿದರು. ಕನ್ನಡ ಮೇಷ್ಟ್ರಾಗಿದ್ದ ಕಯ್ಯಾರ ಕಿಞ್ಞಣ್ಣ ರೈಗಳು ನೂರು ವರ್ಷ ಬದುಕಿದರು, 2015ರಲ್ಲಿ ತೀರಿಕೊಳ್ಳುವವರೆಗೂ ವಿಲೀನದ ಆಸೆ ಬಿಡಲಿಲ್ಲ. ಅವರನ್ನು ನೆನೆದರೆ ನನಗೆ ಈಗಲೂ ಗಂಟಲು ಕಟ್ಟುತ್ತದೆ.

ರಾಜ್ಯಗಳ ಗಡಿ ವಿವಾದ ನೋಡಲು ಕೇಂದ್ರ ನೇಮಿಸಿದ್ದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರಿಗೆ ಸೇರಬೇಕು ಅಂತ ಹೇಳಿತು. ಕೇರಳ ಒಪ್ಪಲಿಲ್ಲ. ಅಲ್ಲಿಗೆ ನಿಂತದ್ದು ಇವತ್ತಿಗೂ ನಿಂತೇ ಇದೆ.

ಈಗ ನನ್ನ ಅಭಿಪ್ರಾಯ. ನಮ್ಮೂರಲ್ಲಿ ಇದನ್ನು ಹೇಳಿದರೆ ಕೆಲವರಿಗೆ ಬೇಜಾರಾಗುತ್ತದೆ ಅಂತ ಗೊತ್ತುಂಟು. ನನಗೆ ವಿಲೀನ ಬೇಡ. 1956ರಲ್ಲಿ ಆದದ್ದು ಅನ್ಯಾಯ ಅಂತಲೇ ನಂಬಿದ್ದೇನೆ. ಆದರೆ ಅದಾಗಿ ಎರಡು ತಲೆಮಾರು ಕಳೆದಿವೆ. ಈಗ ಗೆರೆಯನ್ನು ಚಂದ್ರಗಿರಿ ಹೊಳೆಗೆ ಎಳೆದರೆ ಈಚೆ ದಡದಲ್ಲಿರುವ ಮಲಯಾಳಂ ಮನೆಗಳ ಗತಿ ಏನು? ಅವರ ಮಕ್ಕಳು ಕರ್ನಾಟಕದ ಗಡಿನಾಡ ಮಲಯಾಳಿಗಳಾಗುತ್ತಾರೆ. ಅವರ ಶಾಲೆಗೆ ಮೇಷ್ಟ್ರು ಬರುವುದಿಲ್ಲ, ಅವರ ಅರ್ಜಿ ಯಾರೂ ಓದುವುದಿಲ್ಲ. ನಾನು ಪಟ್ಟ ಪಾಡನ್ನು ಇನ್ನೊಬ್ಬರ ಮಕ್ಕಳಿಗೆ ದಾಟಿಸುವುದು ನನಗೆ ಬೇಡ. ಮತ್ತೊಂದು ವಿಷಯ. ನನಗೆ ಮಲಯಾಳಂ ಹಗೆಯಲ್ಲ. ಪಂಚಾಯತು, ಕುಟುಂಬಶ್ರೀ ಮಹಿಳಾ ಸಂಘ, ಸರಕಾರಿ ಆಸ್ಪತ್ರೆ, ಲೈಬ್ರರಿ, ಇವುಗಳಿಂದ ನಮ್ಮ ಮನೆಗೆ ಒಳ್ಳೆಯದಾಗಿದೆ. ಅದನ್ನು ಬಾಯಿ ಬಿಟ್ಟು ಹೇಳದಿದ್ದರೆ ತಪ್ಪಾಗುತ್ತದೆ.

ಹಾಗಂತ ಕೇರಳ ನಮಗೆ ಮಾಡಿದ್ದೆಲ್ಲ ಸರಿ ಅಂತ ಅಲ್ಲ. ನನ್ನ ಸಿಟ್ಟೆಲ್ಲ ಒಂದೇ ಕಡೆ ಇದೆ. ಅದು ಶಾಲೆ.

ನನ್ನ ತಂಗಿಯ ಮಗಳು ಕನ್ನಡ ಮಾಧ್ಯಮದಲ್ಲಿ ಓದುತ್ತಾಳೆ. ಎಂಟನೇ ಕ್ಲಾಸಿಗೆ ಹೋದ ವರ್ಷ ಅವಳ ಶಾಲೆಗೆ ಗಣಿತಕ್ಕೆ ಹೊಸ ಅಧ್ಯಾಪಕರು ಬಂದರು. ಅವರಿಗೆ ಕನ್ನಡದ ಒಂದಕ್ಷರ ಬರುವುದಿಲ್ಲ. ಪುಸ್ತಕ ಕನ್ನಡದಲ್ಲಿ, ಪಾಠ ಮಲಯಾಳದಲ್ಲಿ, ಪ್ರಶ್ನೆಪತ್ರಿಕೆ ಕನ್ನಡದಲ್ಲಿ. ಮಕ್ಕಳು ಬರೆದ ಉತ್ತರ ಅವರಿಗೆ ಓದಲು ಬಾರದು. ಅವರು ಹೇಳಿದ್ದು ಮಕ್ಕಳಿಗೆ ಅರ್ಧಂಬರ್ಧ. ಅವರನ್ನು ಬೈಯಲು ನನಗೆ ಮನಸ್ಸಾಗುವುದಿಲ್ಲ. ಪಾಪ, ಪರೀಕ್ಷೆ ಬರೆದು ಕೆಲಸ ಹಿಡಿದವರು, ದೂರದ ಊರಿಂದ ಬಂದವರು. ಅವರನ್ನು ಆ ಕ್ಲಾಸಿಗೆ ಕಳಿಸಿದ್ದೇ ತಪ್ಪು. ನಾವು ತಂದೆತಾಯಿಗಳೆಲ್ಲ ಗೇಟಿನ ಹೊರಗೆ ಕೂತೆವು. ಅರ್ಜಿ ಕೊಟ್ಟೆವು. ನಮ್ಮ ಶಾಲೆಯೊಂದರ ಕಥೆ ಅಲ್ಲ ಇದು, ಗಡಿನಾಡಿನ ಬೇರೆ ಬೇರೆ ಕನ್ನಡ ಶಾಲೆಗಳಲ್ಲಿ ಇದೇ ಕಾರಣಕ್ಕೆ ಪ್ರತಿಭಟನೆ ಆಗಿದೆ.

ಕಾನೂನು ನಮ್ಮ ಪರ ಇದೆ. ಸಂವಿಧಾನದ 350ಎ ವಿಧಿ, ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಮಾತೃಭಾಷೆಯಲ್ಲಿ ಕಲಿಸುವ ವ್ಯವಸ್ಥೆ ಬೇಕು ಅನ್ನುತ್ತದೆ. ಅದು ಸಂವಿಧಾನಕ್ಕೆ ಸೇರಿದ್ದೂ 1956ರಲ್ಲೇ, ನಮ್ಮನ್ನು ಈಚೆಗೆ ಹಾಕಿದ ವರ್ಷವೇ. ಕೇರಳದ 1969ರ ಅಧಿಕೃತ ಭಾಷಾ ಕಾಯ್ದೆ ಪ್ರಕಾರ ಕನ್ನಡಿಗರೂ ತಮಿಳರೂ ತಮ್ಮ ಭಾಷೆಯಲ್ಲೇ ಸರಕಾರಕ್ಕೆ ಬರೆಯಬಹುದು, ಉತ್ತರವೂ ಆ ಭಾಷೆಯಲ್ಲೇ ಬರಬೇಕು. ಕಾಗದದ ಮೇಲೆ ಇಷ್ಟಿದ್ದರೂ, ಅಜ್ಜನ ಕಾಲದ ಜಾಗದ ಪತ್ರ ಹಿಡಿದು ನಾನು ಒಂದು ಕಚೇರಿಗೆ ಹೋದಾಗ ಅದನ್ನು ಓದುವವರು ಅಲ್ಲಿ ಯಾರೂ ಇರಲಿಲ್ಲ. ಪತ್ರ ಕನ್ನಡದ್ದು. ಆಗ ಇಲ್ಲಿ ಬರೆಯುತ್ತಿದ್ದುದೇ ಕನ್ನಡದಲ್ಲಿ ಅಲ್ವಾ? ನಮ್ಮದೇ ಮಣ್ಣಿನ ದಾಖಲೆಯನ್ನು ಮಲಯಾಳಕ್ಕೆ ಅನುವಾದ ಮಾಡಿಸಿ, ದುಡ್ಡು ಕೊಟ್ಟು, ಮೂರು ಸಲ ಓಡಾಡಿ ತಂದುಕೊಟ್ಟೆ.

2017ರಲ್ಲಿ ಕೇರಳ ಎಲ್ಲ ಶಾಲೆಗಳಲ್ಲಿ ಮಲಯಾಳಂ ಕಡ್ಡಾಯ ಮಾಡಲು ಹೊರಟಾಗ ಕಾಸರಗೋಡಿನಲ್ಲಿ ದೊಡ್ಡ ಪ್ರತಿಭಟನೆ ನಡೆಯಿತು. ನಾನೂ ಹೋಗಿದ್ದೆ. ಅಲ್ಲಿ ನನಗೆ ಒಂದು ಗೊಂದಲ ಇತ್ತು, ಅದನ್ನು ನಿಮ್ಮ ಹತ್ತಿರ ಮುಚ್ಚಿಡುವುದಿಲ್ಲ. ನಮ್ಮ ಮಕ್ಕಳು ಮಲಯಾಳಂ ಕಲಿಯಲೇಬೇಕು ಅಂತ ನನ್ನ ನಂಬಿಕೆ. ನಾನು ಓದಲು, ಬರೆಯಲು ಕಲಿತದ್ದು 25 ದಾಟಿದ ಮೇಲೆ. ಅಷ್ಟರೊಳಗೆ ಎಷ್ಟೋ ಸರಕಾರಿ ಕೆಲಸದ ಅರ್ಜಿಗಳು ಕೈತಪ್ಪಿದ್ದವು. ಕನ್ನಡ ಉಳಿಸುತ್ತೇವೆ ಅಂತ ಮಕ್ಕಳನ್ನು ಮಲಯಾಳದಿಂದ ದೂರ ಇಟ್ಟರೆ ಕನ್ನಡ ಉಳಿಯುವುದಿಲ್ಲ, ಮಕ್ಕಳ ಕೆಲಸ ಹೋಗುತ್ತದೆ, ಅಷ್ಟೇ. ಆದರೆ ಒಂದು ಭಾಷೆ ಕಲಿಸುವುದು ಬೇರೆ, ಇನ್ನೊಂದರ ಜಾಗದಲ್ಲಿ ಅದನ್ನು ಕೂರಿಸುವುದು ಬೇರೆ. ಕನ್ನಡದಲ್ಲಿ ಗಣಿತ ಕಲಿಸುವ ಮೇಷ್ಟ್ರನ್ನು ಮೊದಲು ಕೊಡಿ. ಆಮೇಲೆ ಮಲಯಾಳಂ ಮೇಷ್ಟ್ರನ್ನೂ ಕಳಿಸಿ, ನಾವೇ ಮುಂದೆ ನಿಂತು ಸ್ವಾಗತ ಮಾಡುತ್ತೇವೆ.

ನಿಮ್ಮ ಊರಿನಲ್ಲಿ ಗಡಿನಾಡಿನ ಕನ್ನಡ ಅಂದ ತಕ್ಷಣ ಅದನ್ನು ಒಂದು ಧರ್ಮಕ್ಕೆ, ಒಂದು ಪಕ್ಷಕ್ಕೆ ಸೇರಿಸುವವರಿದ್ದಾರೆ. ಇಲ್ಲೂ ಇದ್ದಾರೆ. ಅದು ನನಗೆ ತುಂಬ ನೋವು ಕೊಡುವ ಮಾತು. 2021ರಲ್ಲಿ ಮಂಜೇಶ್ವರದಿಂದ ಗೆದ್ದ ಮುಸ್ಲಿಂ ಲೀಗಿನ ಎ.ಕೆ.ಎಂ. ಅಶ್ರಫ್ ತಿರುವನಂತಪುರದ ವಿಧಾನಸಭೆಯಲ್ಲಿ ಕನ್ನಡದಲ್ಲೇ ಪ್ರಮಾಣವಚನ ತೆಗೆದುಕೊಂಡರು. ಶಾಲೆಯ ಗೇಟಿನ ಹೊರಗೆ ನನ್ನ ಪಕ್ಕ ಕೂತಿದ್ದವನೂ ಅದೇ ಬ್ಯಾರಿ ಗೆಳೆಯ, ಅವನ ಮಗನೂ ಅದೇ ಕ್ಲಾಸಿನಲ್ಲಿದ್ದ. ಮಂಜೇಶ್ವರದಲ್ಲಿ ಚುನಾವಣೆ ಎಷ್ಟು ಬಿಗಿ ಅಂದರೆ 2016ರಲ್ಲಿ ಗೆಲುವಿನ ಅಂತರ ಬರೀ 89 ವೋಟು. ಹೀಗಿರುವಾಗ ಭಾಷೆಯ ಕೂಗನ್ನು ಧರ್ಮದ ಕೂಗು ಮಾಡಿದರೆ ಯಾರಿಗೋ ಸೀಟು ಸಿಗಬಹುದು. ಕನ್ನಡ ಶಾಲೆಗೆ ಮಾತ್ರ ಅರ್ಧ ಮಕ್ಕಳು ಇಲ್ಲವಾಗುತ್ತಾರೆ.

ಈಗ ಕರ್ನಾಟಕದ ಪ್ರೀತಿಯ ವಿಷಯ. ಅದು ಇದೆ. ಕಾಸರಗೋಡು, ಹೊಸದುರ್ಗ, ಮಂಜೇಶ್ವರ ತಾಲೂಕುಗಳ ಕನ್ನಡ, ತುಳು ಮನೆಮಾತಿನ ಮಕ್ಕಳಿಗೆ ಕರ್ನಾಟಕದ ಸಿಇಟಿಯಲ್ಲಿ ಸೀಟಿಗೆ ಅವಕಾಶ ಉಂಟು. ಅದರಿಂದ ನಮ್ಮ ಕಡೆ ಎಷ್ಟೋ ಮಕ್ಕಳು ಇಂಜಿನಿಯರ್, ಡಾಕ್ಟರ್ ಆಗಿದ್ದಾರೆ. ಆ ಋಣ ಮರೆಯುವುದಿಲ್ಲ.

ಆದರೆ 2020ರ ಮಾರ್ಚ್ ಕೂಡ ಮರೆಯಲು ಆಗುವುದಿಲ್ಲ. ಕೊರೊನಾ ಲಾಕ್‌ಡೌನ್ ಬಂದಾಗ ಕರ್ನಾಟಕ ಗಡಿ ಮುಚ್ಚಿತು. ತಲಪಾಡಿಯಲ್ಲಿ ತಡೆ. ಒಳದಾರಿಗಳಿಗೆ ಮಣ್ಣು ತಂದು ಸುರಿದರು. ಕಾಸರಗೋಡಿನವರಿಗೆ ದೊಡ್ಡ ಕಾಯಿಲೆ ಬಂದರೆ ಮಂಗಳೂರೇ ಗತಿ. ಕಾಸರಗೋಡಿನಿಂದ ಮಂಗಳೂರು ಸುಮಾರು 50 ಕಿಲೋಮೀಟರ್, ತಿರುವನಂತಪುರ 500 ದಾಟುತ್ತದೆ. ಆಂಬುಲೆನ್ಸುಗಳು ಗಡಿಯಲ್ಲಿ ನಿಂತವು. ಚಿಕಿತ್ಸೆ ಸಿಗದೆ ಜನ ಸತ್ತರು. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ದಾರಿ ತೆರವು ಮಾಡಿಸಿ ಅಂತ ಕೇಂದ್ರಕ್ಕೆ ಹೇಳಿತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ನನ್ನ ಮಾವನಿಗೆ ಆಗ ವಾರಕ್ಕೆ ಎರಡು ಡಯಾಲಿಸಿಸ್ ಇತ್ತು. ಅವರು ಹುಟ್ಟಿದಾಗ ಅವರ ಊರು ದಕ್ಷಿಣ ಕನ್ನಡ ಜಿಲ್ಲೆಯಲ್ಲೇ ಇತ್ತು. ವಿಲೀನದ ಮೆರವಣಿಗೆಯಲ್ಲಿ ನಡೆದವರು. ಜಗಲಿಯಲ್ಲಿ ಕೂತು ಒಂದೇ ಮಾತು ಹೇಳಿದರು: "ನಮ್ಮವರೇ ಮಣ್ಣು ಹಾಕಿದರಲ್ಲ." ಕಾಯಿಲೆಗೆ ಹೆದರಿ ಮಾಡಿದ್ದು ಅಂತ ನನಗೂ ಗೊತ್ತು. ಆದರೆ ಆ ವರ್ಷ ನವೆಂಬರ್‌ನಲ್ಲಿ "ಕಾಸರಗೋಡು ನಮ್ಮದು" ಅಂತ ಬಂದ ಮೆಸೇಜುಗಳನ್ನು ಅವರಿಗೆ ಓದಿ ಹೇಳಲು ನನಗೆ ಆಗಲಿಲ್ಲ.

ಇನ್ನೊಂದು ಮಾತು ಉಳಿದಿದೆ. ಇದನ್ನೇ ಅವತ್ತು ಊಟದ ಹೊತ್ತಿನಲ್ಲಿ ಹೇಳಲು ಧೈರ್ಯ ಬರಲಿಲ್ಲ.

ಮಹಾಜನ ವರದಿ ಜಾರಿಯಾಗಲಿ ಅಂತ ನೀವು ಹೇಳಿದಿರಿ. ಅದೇ ವರದಿ ಬೆಳಗಾವಿಯನ್ನು ಕರ್ನಾಟಕಕ್ಕೆ ಉಳಿಸಿ, ನಿಪ್ಪಾಣಿಯೂ ಸೇರಿ 264 ಊರುಗಳನ್ನು ಮಹಾರಾಷ್ಟ್ರಕ್ಕೆ ಕೊಡಿ ಅಂತಲೂ ಹೇಳಿದೆ. ಅದು ನಿಮ್ಮ ಮಾತಿನಲ್ಲಿ ಬರಲಿಲ್ಲ. ನಿಪ್ಪಾಣಿ ಕೊಟ್ಟುಬಿಡಿ ಅಂತ ನಾನು ಹೇಳುತ್ತಿಲ್ಲ. ಅಲ್ಲಿ ಗೆರೆ ಎಳೆದರೂ ಯಾರದೋ ಮಕ್ಕಳು ತಪ್ಪು ಬದಿಯಲ್ಲಿ ಉಳಿಯುತ್ತಾರೆ. ನಾನು ಹೇಳುವುದು ಬೆಳಗಾವಿಯ ಮರಾಠಿ ಶಾಲೆಯ ಹುಡುಗಿಯ ಬಗ್ಗೆ. ಅವಳ ಅಪ್ಪ ತನ್ನ ಭಾಷೆಯಲ್ಲಿ ದಾಖಲೆ ಕೊಡಿ ಅಂದರೆ ನಮಗೆ ಸಿಟ್ಟು ಬರುತ್ತದೆ. ನಾನು ಇಲ್ಲಿ ಕೇರಳಕ್ಕೆ ಅರ್ಜಿ ಬರೆದು ಕೇಳುತ್ತಿರುವುದೂ ಅದನ್ನೇ ಅಲ್ವಾ? ಅವರ ಕಡೆ ಕೆಲವರು ನವೆಂಬರ್ 1ರಂದು ಕರಾಳ ದಿನ ಮಾಡುತ್ತಾರೆ. ನನಗೆ ಅದು ಇಷ್ಟವಿಲ್ಲ. ಬಸ್ಸಿಗೆ ಮಸಿ ಬಳಿಯುವುದು, ಭಾಷೆ ಬರಲಿಲ್ಲ ಅಂತ ಕೈ ಮಾಡುವುದು, ಯಾವ ಕಡೆಯವರು ಮಾಡಿದರೂ ನಾನು ಒಪ್ಪುವುದಿಲ್ಲ. ಆದರೆ ಆ ದಿನ ಮನಸ್ಸು ಭಾರ ಆಗುವುದು ಹೇಗೆ ಅಂತ ನನಗೆ ಗೊತ್ತು. ನಮ್ಮ ಹಿರಿಯರಿಗೂ ಅದು ದುಃಖದ ದಿನವೇ ಆಗಿತ್ತು. ನಿಮಗೆ ರಾಜ್ಯೋತ್ಸವ, ಇಲ್ಲಿ ಅದೇ ದಿನ ಕೇರಳಪ್ಪಿರವಿ, ಅಂದರೆ ಕೇರಳ ಹುಟ್ಟಿದ ದಿನ. ಬೆಳಿಗ್ಗೆ ಶಾಲೆಯಲ್ಲಿ ಮಕ್ಕಳು ಅಂಚಿನ ಬಿಳಿ ಸೀರೆ ಉಟ್ಟು ಮಲಯಾಳಂ ಹಾಡುತ್ತಾರೆ. ಸಂಜೆ ಕನ್ನಡ ಸಂಘದಲ್ಲಿ ಅದೇ ಮಕ್ಕಳು ನಾಡಗೀತೆ ಹಾಡುತ್ತಾರೆ.

ಬೆಂಗಳೂರಿಗೆ ಬಂದವರು ಕನ್ನಡ ಕಲಿಯಬೇಕು ಅಂತ ನೀವು ಹೇಳಿದ್ದಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ನಾನು ಮಲಯಾಳಂ ಕಲಿತ ಹಾಗೆ ಅವರೂ ಕಲಿಯಲಿ. ಬೆಳಗಾವಿಯ ಹುಡುಗಿಯೂ ಕನ್ನಡ ಕಲಿಯಲಿ. ಆದರೆ ಅವಳ ಮರಾಠಿ ಶಾಲೆಗೆ ಮರಾಠಿ ಬರುವ ಮೇಷ್ಟ್ರೇ ಹೋಗಲಿ. ಅಲ್ಲಿ ನಾವು ಅದನ್ನು ಚೆನ್ನಾಗಿ ಮಾಡಿದರೆ, ಕಾಸರಗೋಡಿನ ಕನ್ನಡ ಶಾಲೆಗೆ ಮೇಷ್ಟ್ರನ್ನು ಕೊಡಿ ಅಂತ ಕೇರಳದ ಎದುರು ಕೂತು ಕೇಳಲು ನಮಗೆ ದನಿ ಬರುತ್ತದೆ.

ನಿಮ್ಮಿಂದ ಏನಾದರೂ ಆಗುತ್ತದಾ ಅಂತಲೂ ಕೇಳಿದ್ದಿರಿ. ಆಗುತ್ತದೆ. ನಿಮ್ಮ ಶಾಸಕರು ಮುಂದಿನ ಸಲ ಗಡಿನಾಡಿನ ಬಗ್ಗೆ ಮಾತಾಡಿದರೆ, ಗಡಿ ಬಿಟ್ಟು ಮೇಷ್ಟ್ರ ಬಗ್ಗೆ ಕೇಳಿ. ಕನ್ನಡ ಮಾಧ್ಯಮದಲ್ಲಿ ಗಣಿತ, ವಿಜ್ಞಾನ ಕಲಿಸಲು ತಯಾರಾದವರು ಇಲ್ಲಿ ಬೇಕು. ಅದಕ್ಕೆ ಬೇಕಾದ ತರಬೇತಿಯಲ್ಲಿ ಕರ್ನಾಟಕ ಕೇರಳದ ಜೊತೆ ಸೇರಬಹುದು, ಯಾರ ಗಡಿಯೂ ಅದರಿಂದ ಕದಲುವುದಿಲ್ಲ.

ತಂಗಿಯ ಮಗಳು ಈಗ ಹತ್ತನೇ ಕ್ಲಾಸು. ಗಣಿತ ಇನ್ನೂ ಹಾಗೇ ನಡೆಯುತ್ತಿದೆ. ಸಂಜೆ ರಿಟೈರ್ ಆದ ಮೇಷ್ಟ್ರೊಬ್ಬರು ತಮ್ಮ ಮನೆಯ ಚಾವಡಿಯಲ್ಲಿ ಏಳೆಂಟು ಮಕ್ಕಳಿಗೆ ಕನ್ನಡದಲ್ಲೇ ಲೆಕ್ಕ ಹೇಳಿಕೊಡುತ್ತಾರೆ, ಒಂದು ರೂಪಾಯಿ ತೆಗೆದುಕೊಳ್ಳುವುದಿಲ್ಲ. ಅವರಿಗೆ 74 ವರ್ಷ. ಪರೀಕ್ಷೆ ಮಾರ್ಚ್‌ನಲ್ಲಿ.