ಫ್ರೆಶ್ ಮೀನು ಅಂದ ಮಾತ್ರಕ್ಕೆ ಹಸಿಯಾಗಿ ತಿನ್ನಬಹುದಾ?

ಓದುಗರ ಪ್ರಶ್ನೆಗಳಿಗೆ ಮೈಸೂರಿನ ಆಹಾರ ಸುರಕ್ಷತಾ ತಜ್ಞರೊಬ್ಬರ ಉತ್ತರ

ಈ ಸಲ ಬಂದ ಪ್ರಶ್ನೆಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ವಿಷಯದ್ದು. ಮನೆಯಲ್ಲಿ ಸುಶಿ (ಜಪಾನಿನ ಅನ್ನದ ತಿನಿಸು, ಮೀನು ಇಟ್ಟು ಮಾಡುವುದು ಹೆಚ್ಚು) ಮಾಡುವುದು ಹೇಗೆ, ಬೇಯಿಸದ ಮೀನು ತಿಂದರೆ ಏನಾಗುತ್ತದೆ, ನಿಂಬೆಹಣ್ಣು ಹಿಂಡಿದರೆ ಸಾಕಾ. ಇದನ್ನೇ ಬಿಡಿಬಿಡಿಯಾಗಿ ಎಷ್ಟು ಸಲ ಹೇಳಿದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹಾಗಾಗಿ ಒಂದು ಪ್ರಶ್ನೆಯನ್ನು ಎತ್ತಿಕೊಂಡು ಪೂರ್ತಿ ಬರೆಯುತ್ತೇನೆ. ಕೈ, ಚಾಕು, ಮಣೆ ತೊಳೆಯುವುದು ನಿಮಗೆ ಗೊತ್ತಿದೆ ಅಂದುಕೊಂಡಿದ್ದೇನೆ.

ಪ್ರಶ್ನೆ: ನಮ್ಮೂರು ಕನ್ನಂಬಾಡಿ ಹಿನ್ನೀರಿನ ಪಕ್ಕ. ಬೆಳಿಗ್ಗೆ ಬಲೆಯಿಂದ ತೆಗೆದ ಕಾಟ್ಲಾ ಇನ್ನೂ ಬಾಯಿ ಆಡಿಸುತ್ತಿರುವಾಗಲೇ ಮನೆಗೆ ಬರುತ್ತದೆ. ಬೆಂಗಳೂರಿನಲ್ಲಿ ಓದುವ ಮಗಳು ಅದರಲ್ಲೇ ಸುಶಿ ಮಾಡೋಣ ಅನ್ನುತ್ತಾಳೆ. ಎರಡು ಗಂಟೆ ನಿಂಬೆರಸದಲ್ಲಿ ನೆನೆಸಿ, ಒಂದು ರಾತ್ರಿ ಫ್ರೀಜರ್‌ನಲ್ಲಿ ಇಟ್ಟರೆ ಸಾಕಲ್ವಾ? ಇಷ್ಟು ತಾಜಾ ಮೀನು ಸಿಟಿಯವರಿಗೂ ಸಿಗುವುದಿಲ್ಲ. (ಕೆ.ಆರ್. ಪೇಟೆ ತಾಲ್ಲೂಕಿನ ಓದುಗರು)

ಉತ್ತರ: ಬೇಡ. ಆ ಕಾಟ್ಲಾವನ್ನು ಹುಳಿ ಹಾಕಿ ಸಾರು ಮಾಡಿ, ಮುದ್ದೆ ಜೊತೆ ಊಟ ಮಾಡಿ. ಹೊಳೆ, ಕೆರೆ, ನಾಲೆ, ಹಿನ್ನೀರು, ಸಾಕಿದ ಹೊಂಡ, ಯಾವ ಸಿಹಿನೀರಿನ ಮೀನನ್ನೂ ಬೇಯಿಸದೆ ತಿನ್ನಬಾರದು. ಕಾಟ್ಲಾ, ರೋಹು, ಜಿಲೇಬಿ, ಕೊರವ, ಗೆಂಡೆ ಎಲ್ಲಕ್ಕೂ ಇದೇ ಮಾತು.

ನಮ್ಮ ಭಾಷೆಯಲ್ಲೇ ಇಲ್ಲಿ ಒಂದು ಎಡವಟ್ಟು ಇದೆ. ಮಾರ್ಕೆಟ್‌ನಲ್ಲಿ 'ಹಸಿ ಮೀನು' ಅಂದರೆ ಒಣ ಮೀನು ಅಲ್ಲದ್ದು, ಅಂದರೆ ತಾಜಾ ಮೀನು. ಬೇಯಿಸದ ಮೀನಿಗೂ ನಾವು ಹಸಿ ಅಂತಲೇ ಹೇಳುತ್ತೇವೆ. ಮಾತು ಒಂದೇ ಆದ್ದರಿಂದ ಎರಡೂ ಒಂದೇ ಅನ್ನಿಸಿಬಿಡುತ್ತದೆ. ತಾಜಾ ಮೀನು ಕೆಟ್ಟಿಲ್ಲ, ನಿಜ. ಆದರೆ ಮೀನು ಕೆಡುವುದು ಬೇರೆ, ಮೀನಿನೊಳಗೆ ಹುಳು ಇರುವುದು ಬೇರೆ. ಹುಳು ಸೇರಿಕೊಳ್ಳುವುದು ಮೀನು ನೀರಿನಲ್ಲಿ ಬದುಕಿರುವಾಗಲೇ. ಬಾಯಿ ಆಡಿಸುತ್ತಿರುವ ಮೀನಿನಲ್ಲಿ ಹುಳು ಇದ್ದರೆ ಅದೂ ಅಷ್ಟೇ ಚುರುಕಾಗಿರುತ್ತದೆ.

ಸಿಹಿನೀರಿನ ಮೀನಿನಿಂದ ಬರುವ ಹುಳುಗಳಲ್ಲಿ ಮೂರು ಹೆಸರು ಹೇಳುತ್ತೇನೆ. ಒಂದು ಮೀನಿನ ಲಾಡಿಹುಳು. ಇದು ಮನುಷ್ಯರ ಕರುಳಿನಲ್ಲಿ ಹಲವು ಮೀಟರ್ ಉದ್ದ ಬೆಳೆಯುತ್ತದೆ, ಬಿ12 ವಿಟಮಿನ್ ಹೀರಿಕೊಳ್ಳುತ್ತದೆ. ಎರಡನೆಯದು ನ್ಯಾಥೊಸ್ಟೋಮಾ. ಕೆಲವೇ ಮಿಲಿಮೀಟರ್ ಉದ್ದದ ಮರಿಹುಳು ಚರ್ಮದ ಕೆಳಗೆ ಓಡಾಡುತ್ತದೆ. ಕಣ್ಣಿಗೂ ಹೋಗಬಹುದು, ಮೆದುಳಿಗೂ ಹೋಗಬಹುದು. ಭಾರತದಲ್ಲೇ ರೋಗಿಗಳ ಕಣ್ಣಿನಿಂದ ಈ ಹುಳು ತೆಗೆದಿದ್ದಾರೆ. ಮೂರನೆಯದು ಪಿತ್ತಜನಕಾಂಗದ ಚಪ್ಪಟೆ ಹುಳು. ಈಶಾನ್ಯ ಥಾಯ್ಲೆಂಡ್ ಮತ್ತು ಲಾವೋಸ್‌ನಲ್ಲಿ ಹೊಳೆಯ ಸಣ್ಣ ಮೀನನ್ನು ಕೊಚ್ಚಿ, ನಿಂಬೆರಸ, ಖಾರ ಹಾಕಿ ಬೇಯಿಸದೆ ತಿನ್ನುವ ರೂಢಿ ಇದೆ. ಅಲ್ಲಿ ಈ ಹುಳು ಪಿತ್ತನಾಳದಲ್ಲಿ ವರ್ಷಗಟ್ಟಲೆ ಕೂತು ಕೊನೆಗೆ ಕ್ಯಾನ್ಸರ್ ತರಬಹುದು. ನಮ್ಮ ಕಾವೇರಿಯ ಮೀನಿನಲ್ಲಿ ಈ ಮೂರೂ ಇವೆ ಅಂತ ನಾನು ಹೆದರಿಸುತ್ತಿಲ್ಲ. ಇದನ್ನು ಹೇಳಿದ್ದು ನಿಂಬೆರಸದ ಕಾರಣಕ್ಕೆ. ಆ ಜನರೂ ತಲೆಮಾರುಗಳಿಂದ ನಿಂಬೆರಸ ಹಿಂಡಿಯೇ ತಿಂದವರು.

ನಿಂಬೆರಸದಲ್ಲಿ ನೆನೆಸಿದ ಮೀನು ಬೆಳ್ಳಗಾಗುತ್ತದೆ, ಗಟ್ಟಿಯಾಗುತ್ತದೆ. ನೋಡಲು ಬೆಂದ ಹಾಗೆಯೇ ಕಾಣುತ್ತದೆ. ಹುಳಿಗೆ ಮೀನಿನ ಪ್ರೊಟೀನ್ ರೂಪ ಬದಲಾಗುವುದರಿಂದ ಹಾಗೆ. ಬೆಂಕಿಯ ಕೆಲಸ ಅಲ್ಲಿ ನಡೆದಿರುವುದಿಲ್ಲ. ಸಮುದ್ರದ ಮೀನಿನಲ್ಲಿರುವ ಅನಿಸಾಕಿಸ್ ಅನ್ನುವ ಹುಳು ವಿನೆಗರ್‌ನಲ್ಲಿ ದಿನಗಟ್ಟಲೆ ಬದುಕಿರುತ್ತದೆ. ಅದಕ್ಕೇ ಸ್ಪೇನ್ 2006ರಲ್ಲಿ ಕಾನೂನು ಮಾಡಿತು. ಅಲ್ಲಿನ ಹೋಟೆಲುಗಳು ವಿನೆಗರ್‌ನಲ್ಲಿ ನೆನೆಸಿ ಕೊಡುವ ಮೀನನ್ನೂ ಮೊದಲು ಫ್ರೀಜ್ ಮಾಡಲೇಬೇಕು. ಉಪ್ಪು ಅರಿಶಿನ ಸವರುವುದು, ಖಾರದ ಪುಡಿ ಹಚ್ಚುವುದು, ಸುಶಿ ಜೊತೆ ಕೊಡುವ ಖಾರದ ವಸಾಬಿ, ಜೊತೆಗೆ ಒಂದು ಪೆಗ್, ಇವುಗಳಲ್ಲಿ ಯಾವುದನ್ನೂ ನಂಬಬೇಡಿ. ಅರಿಶಿನ ಹಚ್ಚಿದರೆ ಮೀನಿನ ವಾಸನೆ ಹೋಗುತ್ತದೆ, ಹುಳು ಹೋಗುವುದಿಲ್ಲ.

ಇನ್ನು ಫ್ರೀಜರ್. ಚಳಿ ಹುಳುವನ್ನು ಕೊಲ್ಲುತ್ತದೆ, ಆದರೆ ಲೆಕ್ಕ ಇದೆ. ಅಮೆರಿಕದ ಆಹಾರ ಇಲಾಖೆಯ ನಿಯಮದ ಪ್ರಕಾರ ಮೈನಸ್ 20 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆಯಲ್ಲಿ 7 ದಿನ ಇಡಬೇಕು. ಇಲ್ಲವೇ ಮೈನಸ್ 35ರಲ್ಲಿ ಕಲ್ಲಿನ ಹಾಗೆ ಗಟ್ಟಿಯಾದ ಮೇಲೆ ಅದೇ ಚಳಿಯಲ್ಲಿ 15 ಗಂಟೆ ಇಡಬೇಕು. ನಿಮ್ಮ ಮನೆಯ ಡಬಲ್ ಡೋರ್ ಫ್ರಿಜ್ ಚೆನ್ನಾಗಿದ್ದರೆ ಮೈನಸ್ 18 ಮುಟ್ಟುತ್ತದೆ. ಸಿಂಗಲ್ ಡೋರ್‌ನ ಐಸ್ ಪೆಟ್ಟಿಗೆ ಅಲ್ಲಿಗೂ ಇಳಿಯುವುದಿಲ್ಲ. ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುತ್ತೀರಿ. ಬೇಸಿಗೆಯಲ್ಲಿ ಕರೆಂಟ್ ಹೋಗುತ್ತದೆ. ಎರಡು ಕೇಜಿ ಮೀನನ್ನು ಇಡಿಯಾಗಿ ಒಳಗಿಟ್ಟರೆ ಅದರ ನಡುಭಾಗ ಗಟ್ಟಿಯಾಗುವಷ್ಟರಲ್ಲಿ ನಿಮ್ಮ 'ಒಂದು ರಾತ್ರಿ' ಮುಗಿದಿರುತ್ತದೆ. ಒಂದು ಫ್ರೀಜರ್ ಥರ್ಮಾಮೀಟರ್ ತಂದು ಒಳಗಿಟ್ಟು ನೋಡಿ. ಅದನ್ನು ನೋಡಿದ ಮೇಲೆ ಯಾರೂ ನನ್ನ ಹತ್ತಿರ ವಾದ ಮಾಡಿಲ್ಲ.

'ಹಾಗಾದರೆ ಅಂಗಡಿಯ ಡೀಪ್ ಫ್ರೀಜರ್‌ನಲ್ಲಿ ಏಳು ದಿನ ಇಟ್ಟರೆ ಕಾಟ್ಲಾ ತಿನ್ನಬಹುದಾ' ಅಂತ ಕೇಳುವವರಿದ್ದಾರೆ. ಆಗಲೂ ಬೇಡ. ಚಳಿಗೆ ಹುಳು ಸಾಯುತ್ತದೆ, ಬ್ಯಾಕ್ಟೀರಿಯಾ ಸಾಯುವುದಿಲ್ಲ. ಸುಮ್ನೆ ಮಲಗಿರುತ್ತದೆ, ಐಸ್ ಕರಗಿದ ಕೂಡಲೇ ಏಳುತ್ತದೆ. ಊರಿನ ಚರಂಡಿ ನೀರು, ದನ ತೊಳೆದ ನೀರು, ಎಲ್ಲ ಹರಿದು ಹೋಗುವುದು ಹೊಳೆಗೆ, ನಾಲೆಗೆ.

ಸಿಂಗಪುರದಲ್ಲಿ 2015ರಲ್ಲಿ ಏನಾಯಿತು ಅಂತ ಎಲ್ಲರಿಗೂ ಗೊತ್ತಿರಬೇಕು. ಅಲ್ಲಿ ಗಂಜಿಯ ಜೊತೆ ಬೇಯಿಸದ ಸಿಹಿನೀರು ಮೀನಿನ ತೆಳು ಹೋಳು ಕೊಡುತ್ತಿದ್ದರು. ಆ ವರ್ಷ ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್ ಅನ್ನುವ ಬ್ಯಾಕ್ಟೀರಿಯಾದ ಒಂದು ತಳಿ ನೂರಕ್ಕೂ ಹೆಚ್ಚು ಜನರನ್ನು ಆಸ್ಪತ್ರೆಗೆ ಸೇರಿಸಿತು. ರಕ್ತಕ್ಕೆ ನಂಜು ಏರಿತು, ಕೆಲವರಿಗೆ ಮೆದುಳಿನ ಪೊರೆಗೂ ಸೋಂಕು ಹೋಯಿತು. ಬೇರೆ ಯಾವ ಕಾಯಿಲೆಯೂ ಇಲ್ಲದ ಗಟ್ಟಿಮುಟ್ಟಾದವರೂ ಅವರಲ್ಲಿ ಇದ್ದರು. ತಟ್ಟೆಯಲ್ಲಿದ್ದ ಮೀನು ಯಾವುದು ಗೊತ್ತಾ? ನಮ್ಮ ಕಾಟ್ಲಾದ ಸಂಬಂಧಿ ಬಿಗ್‌ಹೆಡ್ ಕಾರ್ಪ್ ಮತ್ತು ನಮ್ಮ ಕೊರವದ ಜಾತಿಯದ್ದು. ಡಿಸೆಂಬರ್ ಹೊತ್ತಿಗೆ ಅಲ್ಲಿನ ಸರ್ಕಾರ ಸಿಹಿನೀರಿನ ಮೀನನ್ನು ಬೇಯಿಸದೆ ತಿನ್ನಲು ಕೊಡುವುದನ್ನೇ ನಿಲ್ಲಿಸಿತು. ಶುಚಿತ್ವಕ್ಕೆ ಹೆಸರಾದ ಊರಿನ ಕಥೆ ಇದು. ಜಪಾನಿನವರು ಕೂಡ ಸಿಹಿನೀರಿನ ಹಾವುಮೀನನ್ನು ಸುಟ್ಟೇ ತಿನ್ನುತ್ತಾರೆ. ಅದರ ಹಸಿ ರಕ್ತದಲ್ಲಿ ವಿಷ ಇದೆ ಅಂತ ಅವರಿಗೆ ಗೊತ್ತು.

ಮಗಳಿಗೆ ಇದನ್ನೂ ಹೇಳಿ. ಸುಶಿ ಅಂದರೆ ಹಸಿ ಮೀನು ಅಲ್ಲ. ವಿನೆಗರ್ ಕಲೆಸಿದ ಅನ್ನಕ್ಕೆ ಆ ಹೆಸರು. ಬೇಯಿಸಿದ ಸೀಗಡಿ, ಸೌತೆಕಾಯಿ, ಮೊಟ್ಟೆಯ ತೆಳು ದೋಸೆ ಇಟ್ಟು ಸುತ್ತಿದರೂ ಅದು ಸುಶಿಯೇ. ನಿಮ್ಮ ಕಾಟ್ಲಾವನ್ನೇ ಮುಳ್ಳು ತೆಗೆದು, ಹುರಿದು, ಒಳಗಿಟ್ಟು ಮಾಡಲಿ. ಅದರಲ್ಲಿ ತಪ್ಪೇನೂ ಇಲ್ಲ.

ಇಷ್ಟಾದರೂ ಬೇಯಿಸದ ಮೀನೇ ಬೇಕು ಅನ್ನುವವರಿಗೆ ಒಂದೇ ದಾರಿ ತೋರಿಸಬಲ್ಲೆ. ಸಾಕಣೆ ಕೇಂದ್ರದಲ್ಲಿ ಒಣ ಆಹಾರ ತಿಂದು ಬೆಳೆದ ಅಟ್ಲಾಂಟಿಕ್ ಸಾಲ್ಮನ್, ನಾರ್ವೆಯಂಥ ಕಡೆಯಿಂದ ಬಂದದ್ದು. ಹಸಿಯಾಗಿ ತಿನ್ನಲು ಎಂದೇ ಫ್ರೀಜ್ ಮಾಡಿ, ಪ್ಯಾಕ್ ಮೇಲೆ ಹಾಗೆ ಬರೆದಿರಬೇಕು. ಜಪಾನಿನವರೂ ತಮ್ಮ ಕಡಲಿನ ಕಾಡು ಸಾಲ್ಮನ್ ಅನ್ನು ಹುಳುವಿನ ಭಯಕ್ಕೆ ಹಸಿಯಾಗಿ ತಿನ್ನುತ್ತಿರಲಿಲ್ಲ. 1980ರ ದಶಕದಲ್ಲಿ ನಾರ್ವೆಯವರು ಸಾಕಿದ ಮೀನು ತಂದು ಒಪ್ಪಿಸಿದ ಮೇಲೆಯೇ ಅಲ್ಲಿ ಸಾಲ್ಮನ್ ಸುಶಿ ಶುರುವಾದದ್ದು. ನಮ್ಮ ಅಂಗಡಿಗಳಲ್ಲಿ 'ಇಂಡಿಯನ್ ಸಾಲ್ಮನ್' ಅಂತ ಮಾರುವುದು ರಾವಸ್ ಮೀನು. ಅದಕ್ಕೂ ಸಾಲ್ಮನ್‌ಗೂ ನೆಂಟಸ್ತನವೇ ಇಲ್ಲ. ಅದನ್ನು ತಂದು ಹಸಿಯಾಗಿ ತಿನ್ನಬೇಡಿ. 'ಸುಶಿ ಗ್ರೇಡ್' ಅನ್ನುವ ಮಾತಿಗೂ ಕಾನೂನಿನ ಬಲ ಇಲ್ಲ, ಮಾರುವವರು ಇಟ್ಟುಕೊಂಡ ಹೆಸರು ಅದು. ಯಾವ ಮೀನು, ಎಲ್ಲಿ ಸಾಕಿದ್ದು, ಎಷ್ಟು ಡಿಗ್ರಿಯಲ್ಲಿ ಎಷ್ಟು ಹೊತ್ತು ಫ್ರೀಜ್ ಮಾಡಿದ್ದು ಅಂತ ಕೇಳಿ. ಅಂಗಡಿಯವರು ತಡವರಿಸಿದರೆ ಬಿಟ್ಟು ಬನ್ನಿ.

ತಂದ ಮೀನನ್ನು ಫ್ರಿಜ್‌ನ ಕೆಳಗಿನ ಅರೆಯಲ್ಲೇ ಕರಗಿಸಿ, ಅಡುಗೆ ಕಟ್ಟೆಯ ಮೇಲಲ್ಲ. ಗಾಳಿ ಹೀರಿದ ಪ್ಯಾಕ್ ಆದರೆ ಕರಗಿಸುವ ಮೊದಲೇ ಕತ್ತರಿಸಿ ತೆರೆಯಿರಿ. ಗಾಳಿ ಇಲ್ಲದ ಕಡೆ ಬೆಳೆಯುವ ಬಾಟುಲಿನಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಇದೆ. ಅದೇ ದಿನ ತಿಂದು ಮುಗಿಸಿ. ಉಳಿದದ್ದನ್ನು ಬೇಯಿಸಿ. ಗರ್ಭಿಣಿಯರು, ಐದು ವರ್ಷದೊಳಗಿನ ಮಕ್ಕಳು, ವಯಸ್ಸಾದವರು, ಶುಗರ್, ಲಿವರ್, ಕಿಡ್ನಿ ತೊಂದರೆ ಇರುವವರು, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವವರಿಗೆ ಇದೂ ಬೇಡ. ನನ್ನ ಮನೆಯಲ್ಲಿ ಬೇಯಿಸದ ಮೀನು ಮಾಡುವುದಿಲ್ಲ. ಬಂಗುಡೆಯ ಹೊಟ್ಟೆಯಲ್ಲಿ ಸುರುಳಿ ಸುತ್ತಿಕೊಂಡು ಮಲಗಿದ ಬಿಳಿ ಹುಳುಗಳನ್ನು ದೀಪದ ಕೆಳಗೆ ಎಷ್ಟೋ ಸಲ ನೋಡಿದ್ದೇನೆ. ನನಗೆ ಮನಸ್ಸು ಬರುವುದಿಲ್ಲ.

ಪ್ರಶ್ನೆ: ಮಂಗಳೂರಿನಿಂದ ರಾತ್ರೋರಾತ್ರಿ ಬಂದ ಅಂಜಲ್ ಆದರೆ ಹಸಿಯಾಗಿ ತಿನ್ನಬಹುದಲ್ವಾ? (ಕುವೆಂಪುನಗರ, ಮೈಸೂರು)

ಉತ್ತರ: ಇಲ್ಲ. ಲಾರಿ ಬಂದದ್ದು ಒಂದು ರಾತ್ರಿಯಲ್ಲಿ ಇರಬಹುದು, ದೋಣಿ ಸಮುದ್ರದಲ್ಲಿ ಎಷ್ಟು ದಿನ ಇತ್ತು ಅಂತ ನಿಮಗೆ ಹೇಳುವವರು ಯಾರು? ಜೂನ್, ಜುಲೈನಲ್ಲಂತೂ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳಿಗೆ ನಿಷೇಧ. ಆಗ ಬರುವ ಮೀನು ಇನ್ನೂ ದೂರದ್ದು.

ಪ್ರಶ್ನೆ: ನಮ್ಮ ಕಡೆ ಒಬ್ಬರು ನಾಟಿ ಔಷಧಿ ಕೊಡುತ್ತಾರೆ. ದೊಡ್ಡ ರೋಹು ಮೀನಿನ ಪಿತ್ತವನ್ನು ಹಸಿಯಾಗಿ ನುಂಗಿದರೆ ಶುಗರ್ ಇಳಿಯುತ್ತದಂತೆ. ಅಪ್ಪ ತೆಗೆದುಕೊಳ್ಳಬೇಕು ಅಂತ ಹಟ ಹಿಡಿದಿದ್ದಾರೆ. (ಮದ್ದೂರು)

ಉತ್ತರ: ಇದನ್ನು ಓದುತ್ತಿರುವಾಗಲೇ ಅಪ್ಪನನ್ನು ತಡೆಯಿರಿ. ರೋಹು, ಕಾಟ್ಲಾ, ಗೆಂಡೆ, ಹುಲ್ಲುಗೆಂಡೆ ಜಾತಿಯ ಮೀನುಗಳ ಪಿತ್ತದಲ್ಲಿ ಸೈಪ್ರಿನಾಲ್ ಅನ್ನುವ ವಿಷ ಇದೆ. ನುಂಗಿದ ಕೆಲವು ಗಂಟೆಯಲ್ಲಿ ಹೊಟ್ಟೆನೋವು, ವಾಂತಿ, ಭೇದಿ. ಅದು ಕಡಿಮೆಯಾಯಿತು ಅನ್ನುವಷ್ಟರಲ್ಲಿ ಮೂತ್ರ ನಿಲ್ಲುತ್ತದೆ. ಕಿಡ್ನಿ ಕೆಲಸ ಬಿಡುತ್ತದೆ, ಲಿವರ್‌ಗೂ ಪೆಟ್ಟು ಬೀಳುತ್ತದೆ. ಇದಕ್ಕೆ ಪ್ರತಿವಿಷ ಇಲ್ಲ, ಡಯಾಲಿಸಿಸ್ ಮಾಡಿ ಕಾಯಬೇಕು. ಬೇಯಿಸಿದರೂ ಈ ವಿಷ ಹೋಗುವುದಿಲ್ಲ. ಶುಗರ್ ಇರುವವರ ಕಿಡ್ನಿ ಮೊದಲೇ ಸೂಕ್ಷ್ಮ. ಅಂಥವರಿಗೇ ಇದನ್ನು ಕೊಡುವವರನ್ನು ಕಂಡರೆ ನನಗೆ ತಡೆಯಲಾರದ ಸಿಟ್ಟು ಬರುತ್ತದೆ. 'ನಾಟಿ', 'ಅಜ್ಜನ ಕಾಲದ್ದು' ಅಂದ ತಕ್ಷಣ ಅದು ಔಷಧಿ ಆಗುವುದಿಲ್ಲ. ನಮ್ಮ ಅಜ್ಜಿಯರು ಮೀನು ಕೊಯ್ಯುವಾಗ ಪಿತ್ತ ಒಡೆಯದ ಹಾಗೆ ಎಷ್ಟು ಜೋಪಾನ ಮಾಡುತ್ತಿದ್ದರು, ನೆನಪಿಲ್ವಾ? ಅವರು ಅದನ್ನು ತೆಗೆದು ಎಸೆಯುತ್ತಿದ್ದರು, ನುಂಗಿಸುತ್ತಿರಲಿಲ್ಲ. ಯಾರಾದರೂ ಈಗಾಗಲೇ ನುಂಗಿದ್ದರೆ ವಾಂತಿ ಶುರುವಾಗಲಿ ಅಂತ ಕಾಯಬೇಡಿ, ಡಯಾಲಿಸಿಸ್ ಇರುವ ಆಸ್ಪತ್ರೆಗೆ ಹೋಗಿ ಮೀನಿನ ಪಿತ್ತ ನುಂಗಿದ್ದು ಅಂತ ಬಾಯಿಬಿಟ್ಟು ಹೇಳಿ.

ಪ್ರಶ್ನೆ: ಆಸ್ತಮಾಕ್ಕೆ ಮೃಗಶಿರಾ ಮಳೆಯ ದಿನ ಹೈದರಾಬಾದ್‌ನಲ್ಲಿ ಜೀವಂತ ಮೀನಿನ ಮರಿ ನುಂಗಿಸುತ್ತಾರಲ್ಲ, ಹೋಗಬಹುದಾ? (ಶ್ರೀರಂಗಪಟ್ಟಣ)

ಉತ್ತರ: ಹೋಗಬೇಡಿ, ಇನ್‌ಹೇಲರ್ ಬಿಡಬೇಡಿ. ಅಲ್ಲಿ ನುಂಗಿಸುವುದು ಜೀವಂತ ಕೊರವದ ಮರಿ, ಬೇಯಿಸದ ಸಿಹಿನೀರಿನ ಮೀನಿನ ಬಗ್ಗೆ ಮೇಲೆ ಬರೆದದ್ದೆಲ್ಲ ಇದಕ್ಕೂ ಅನ್ವಯಿಸುತ್ತದೆ.

ಪ್ರಶ್ನೆ: ಮೀನು ತಿಂದು ಹಾಲು ಕುಡಿದರೆ ತೊನ್ನು ಬರುತ್ತದಾ?

ಉತ್ತರ: ಬರುವುದಿಲ್ಲ. ದಯವಿಟ್ಟು ಇದನ್ನು ಇನ್ನು ಕಳಿಸಬೇಡಿ.

ಪ್ರಶ್ನೆ: ಬಂಗುಡೆ ಚೆನ್ನಾಗಿಯೇ ಬೇಯಿಸಿದ್ದೆವು. ತಿಂದ ಅರ್ಧ ಗಂಟೆಯಲ್ಲಿ ಮನೆಯವರಿಗೆಲ್ಲ ಮುಖ ಕೆಂಪಾಗಿ, ತಲೆ ಸಿಡಿದು, ಮೈ ತುರಿಸಿತು. ಎಲ್ಲರಿಗೂ ಒಟ್ಟಿಗೇ ಅಲರ್ಜಿ ಬರುತ್ತದಾ? (ಮಂಡ್ಯ)

ಉತ್ತರ: ಅದು ಅಲರ್ಜಿ ಇರಲಿಕ್ಕಿಲ್ಲ, ಹಿಸ್ಟಮಿನ್ ನಂಜು. ಬಂಗುಡೆ, ಭೂತಾಯಿ, ಕೇದಾರ ಮೀನುಗಳನ್ನು ಐಸ್ ಇಲ್ಲದೆ ಬಿಸಿಲಿಗೆ ಬಿಟ್ಟರೆ ಅದರೊಳಗೆ ಹಿಸ್ಟಮಿನ್ ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವಾಸನೆಯಿಂದ ಗೊತ್ತಾಗದೆಯೂ ಇರಬಹುದು. ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಉಸಿರು ಕಟ್ಟಿದರೆ, ಎದೆ ಹಿಡಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮೀನು ಕೊಳ್ಳುವಾಗ ಮೇಲೆ ಉದುರಿಸಿದ ಐಸ್ ನೋಡಬೇಡಿ, ಕೆಳಗಿನ ಮೀನಿನ ಮೈ ಮುಟ್ಟಿ ನೋಡಿ.

ಪ್ರಶ್ನೆ: ಮೊನ್ನೆ ಸ್ನೇಹಿತರ ಜೊತೆ ಹೊಳೆ ದಂಡೆಯಲ್ಲಿ ಪಂದ್ಯ ಕಟ್ಟಿ ಹಸಿ ಜಿಲೇಬಿ ಮೀನು ತಿಂದೆ. ಈಗ ಏನೂ ಆಗಿಲ್ಲ. ಹುಳದ ಮಾತ್ರೆ ತೆಗೆದುಕೊಳ್ಳಲಾ? (ಹೆಸರು ಬೇಡ, ಮೈಸೂರು)

ಉತ್ತರ: ಅಂಗಡಿಯಿಂದ ಸುಮ್ನೆ ಮಾತ್ರೆ ತಂದು ನುಂಗಬೇಡಿ. ಎಲ್ಲ ಹುಳುವಿಗೂ ಒಂದೇ ಔಷಧಿ ಇಲ್ಲ. ತಿಂದ ದಿನಾಂಕ ಮತ್ತು ಮೀನಿನ ಹೆಸರು ಒಂದು ಕಡೆ ಬರೆದಿಟ್ಟುಕೊಳ್ಳಿ. ಜ್ವರ, ಕುತ್ತಿಗೆ ಬಿಗಿತ, ಕೀಲು ನೋವು, ಜೋರು ಹೊಟ್ಟೆನೋವು ಬಂದರೆ ಅವತ್ತೇ ಡಾಕ್ಟರ್ ಹತ್ತಿರ ಹೋಗಿ. ಮುಂದಿನ ಕೆಲವು ತಿಂಗಳಲ್ಲಿ ಚರ್ಮದ ಮೇಲೆ ಜಾಗ ಬದಲಾಯಿಸುವ ಊತ ಕಂಡರೂ, ಕಣ್ಣು ಮಂಜಾದರೂ ಹೋಗಿ. ಗ್ಯಾಸ್ಟ್ರಿಕ್ ಅಂತ ಹೇಳಬೇಡಿ. ಬೇಯಿಸದ ಹೊಳೆ ಮೀನು ತಿಂದಿದ್ದೆ ಅಂತ ಹೇಳಿ. ನಮ್ಮ ಕಡೆ ಈ ಪ್ರಶ್ನೆಯನ್ನು ಡಾಕ್ಟರ್ ತಾವಾಗಿ ಕೇಳುವುದು ಅಪರೂಪ.